ಓದುಗರ ಪ್ರಶ್ನೆ: ಧ್ಯಾನಕ್ಕೆ ಕೂತರೆ ಮನಸ್ಸು ಖಾಲಿಯಾಗುವುದಿಲ್ಲ, ಕೌನ್ಸೆಲರ್ ಆಗಬಹುದೇ?

ಪ್ರಶ್ನೆ: ಮೇಡಂ, ನಾನು ಮಂಗಳೂರಿನಲ್ಲಿ ಎಂಎಸ್‌ಡಬ್ಲ್ಯು ಎರಡನೇ ವರ್ಷದಲ್ಲಿದ್ದೇನೆ. ಕೌನ್ಸೆಲಿಂಗ್ ಮಾಡುವವರಿಗೆ ಮೈಂಡ್‌ಫುಲ್‌ನೆಸ್ ತರಬೇತಿ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಕಣ್ಣು ಮುಚ್ಚಿ ಕೂತರೆ ಎರಡು ನಿಮಿಷವೂ ನನ್ನ ಮನಸ್ಸು ಖಾಲಿಯಾಗುವುದಿಲ್ಲ. ಫೀಲ್ಡ್‌ವರ್ಕ್ ರಿಪೋರ್ಟು, ಊರಿಗೆ ಹೋಗುವ ಬಸ್ಸು, ಅಮ್ಮನ ಫೋನು ಎಲ್ಲ ನೆನಪಾಗುತ್ತದೆ. ನನ್ನಂಥವರಿಗೆ ಇದು ಬರುತ್ತದಾ? ಬಾರದಿದ್ದರೆ ಒಳ್ಳೆಯ ಕೌನ್ಸೆಲರ್ ಆಗಲು ಸಾಧ್ಯವಾ?

ಉತ್ತರ: ಬರುತ್ತದೆ. ಎರಡನೆಯದಕ್ಕೂ ಹೌದು ಎಂದೇ ಉತ್ತರ. ಧ್ಯಾನದ ಗಂಧವೇ ಇಲ್ಲದೆ ಒಳ್ಳೆಯ ಕೌನ್ಸೆಲರ್ ಆದವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ನಿಮ್ಮ ಪತ್ರದ ‘ಖಾಲಿ’ ಎಂಬ ಮಾತನ್ನು ಹಾಗೇ ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುತ್ತಿಲ್ಲ. ಕಂಕನಾಡಿಯಲ್ಲಿ ಕ್ಲಾಸು ಇರಲಿ, ಉಡುಪಿಯಲ್ಲಿ ಶಾಲಾ ಕೌನ್ಸೆಲರುಗಳ ಕಾರ್ಯಾಗಾರ ಇರಲಿ, ಮೊದಲ ಕೈ ಏಳುವುದು ಈ ಪ್ರಶ್ನೆಗೇ. ಒಂದು ಬ್ಯಾಚಿಗೆ ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಬ್ಯಾಚು ಅದನ್ನೇ ಹಿಡಿದುಕೊಂಡು ಬಂದಿರುತ್ತದೆ. ಹಾಗಾಗಿ ಈ ಸಲ ಉದ್ದಕ್ಕೇ ಬರೆಯುತ್ತೇನೆ. ಪೂರ್ತಿ ಓದಿ, ಹಾಸ್ಟೆಲಿನ ಗೆಳತಿಯರಿಗೂ ಓದಲು ಕೊಡಿ.

ಮೈಂಡ್‌ಫುಲ್‌ನೆಸ್ ಎಂದರೆ ಯೋಚನೆ ನಿಲ್ಲಿಸುವ ವಿದ್ಯೆ ಅಲ್ಲ. ಉಸಿರು, ಮಡಿಸಿದ ಕಾಲಿನ ನೋವು, ರಸ್ತೆಯ ಹಾರ್ನು, ಒಳಗಿನ ಕಿರಿಕಿರಿ, ಈಗ ಏನಿದೆಯೋ ಅದನ್ನು ಇರುವಾಗಲೇ ಗಮನಿಸುವುದು. ಒಳ್ಳೆಯದು ಕೆಟ್ಟದ್ದು ಎಂದು ತಕ್ಷಣ ತೀರ್ಪು ಕೊಡದಿರುವುದು. ಗಮನ ಎಲ್ಲಿಗೋ ಹೋಗುತ್ತದೆ. ಹೋದದ್ದು ಗೊತ್ತಾಗುತ್ತದೆ. ವಾಪಸು ತರುತ್ತೀರಿ. ಮತ್ತೆ ಹೋಗುತ್ತದೆ, ಮತ್ತೆ ತರುತ್ತೀರಿ. ಅಭ್ಯಾಸ ಎಂದರೆ ಈ ಹೋಗಿ ಬರುವುದೇ. ಊರಿನ ಬಸ್ಸು ನೆನಪಾಯಿತು ಎಂದು ಬರೆದಿದ್ದೀರಲ್ಲ, ಅದು ನಿಮ್ಮ ಗಮನಕ್ಕೆ ಬಂದದ್ದರಿಂದಲೇ ಬರೆಯಲು ಆಯಿತು. ಸೋತೆ ಎಂದು ನೀವು ಎದ್ದ ಆ ಗಳಿಗೆಯಲ್ಲೇ ಪಾಠ ಶುರುವಾಗಿತ್ತು.

ಯಕ್ಷಗಾನದ ಹಿಮ್ಮೇಳ ಕಲಿಸುವವರನ್ನು ನೋಡಿ. ಮದ್ದಳೆ ಕಲಿಯುವ ಹುಡುಗ ತಾಳ ತಪ್ಪಿದ ಎಂದು ಗುರುಗಳು ಕಂಗೆಡುವುದಿಲ್ಲ. ತಪ್ಪಿದ್ದು ಅವನಿಗೇ ತಿಳಿಯದೆ ಬಾರಿಸುತ್ತಾ ಹೋದರೆ ಮಾತ್ರ ಅವರಿಗೆ ಚಿಂತೆ. ತಪ್ಪಿದ್ದನ್ನು ತಾನೇ ಹಿಡಿದು ಮುಂದಿನ ಆವರ್ತದಲ್ಲಿ ಸೇರಿಕೊಂಡನೆಂದರೆ ಹುಡುಗ ಕಲಿಯುತ್ತಿದ್ದಾನೆ ಎಂದೇ ಲೆಕ್ಕ.

ಮನಸ್ಸು ಖಾಲಿಯಾಗಬೇಕು ಎಂಬ ಕಲ್ಪನೆ ನಮ್ಮಲ್ಲಿ ಇಷ್ಟು ಗಟ್ಟಿಯಾಗಿ ಕೂತಿರುವುದಕ್ಕೆ ಕಾರಣವಿದೆ. ಧ್ಯಾನ ಎಂದೊಡನೆ ನಮಗೆ ನೆನಪಾಗುವುದು ಪತಂಜಲಿಯ ಯೋಗ. ಅಲ್ಲಿ ಚಿತ್ತವೃತ್ತಿಗಳ ನಿರೋಧವೇ, ಅಂದರೆ ಮನಸ್ಸಿನ ಅಲೆಗಳನ್ನು ತಡೆದು ನಿಲ್ಲಿಸುವುದೇ ಗುರಿ. ಅದು ದೊಡ್ಡ ಮಾರ್ಗ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದ ಮೈಂಡ್‌ಫುಲ್‌ನೆಸ್‌ನ ಬೇರು ಮುಖ್ಯವಾಗಿ ಬೌದ್ಧ ಪರಂಪರೆಯಲ್ಲಿದೆ. ಸತಿಪಟ್ಠಾನ ಸುತ್ತ ಎಂಬ ಹಳೆಯ ಬೌದ್ಧ ಉಪದೇಶದಲ್ಲಿ ಬುದ್ಧ ಭಿಕ್ಷುಗಳಿಗೆ ಕಲಿಸುವುದೇನೆಂದರೆ, ಮನಸ್ಸಿನಲ್ಲಿ ರಾಗವಿದ್ದರೆ ರಾಗವಿದೆ ಎಂದು ತಿಳಿಯಬೇಕು, ದ್ವೇಷವಿದ್ದರೆ ದ್ವೇಷವಿದೆ ಎಂದು, ಮನಸ್ಸು ಚದುರಿದ್ದರೆ ಚದುರಿದೆ ಎಂದು. ಚದುರಿದ ಮನಸ್ಸಿಗೂ ಪಾಠದೊಳಗೆ ಜಾಗವಿದೆ. ಎರಡು ಬೇರೆ ಬೇರೆ ದಾರಿಗಳ ಗುರಿಗಳನ್ನು ಕಲಸಿಕೊಂಡು, ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆದು ‘ನನಗೆ ಆಗುವುದಿಲ್ಲ’ ಎಂದು ಮಕ್ಕಳು ಬಿಟ್ಟುಬಿಡುತ್ತಾರೆ. ನನಗೆ ಬೇಸರವಾಗುವುದು ಇದಕ್ಕೇ.

ಇದನ್ನು ಆಸ್ಪತ್ರೆಗೆ ತಂದದ್ದು ಜಾನ್ ಕಬಾಟ್-ಜಿನ್. 1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಅವರು ಶುರು ಮಾಡಿದ ತರಬೇತಿಯೇ ಇಂದು ಎಂಬಿಎಸ್‌ಆರ್ (ಮೈಂಡ್‌ಫುಲ್‌ನೆಸ್ ಮೂಲಕ ಒತ್ತಡ ತಗ್ಗಿಸುವ ಎಂಟು ವಾರಗಳ ತರಬೇತಿ) ಎಂದು ಹೆಸರಾಗಿರುವುದು. ಮೊದಲ ವರ್ಷಗಳಲ್ಲಿ ಅಲ್ಲಿಗೆ ಬಂದವರಲ್ಲಿ ದೀರ್ಘಕಾಲದ ನೋವಿನಿಂದ ಬಳಲುತ್ತಿದ್ದವರು ಬಹಳ ಮಂದಿ. ಬೆನ್ನು ನೋವಿನಲ್ಲಿ ನರಳುತ್ತಿರುವವರಿಗೆ ಮನಸ್ಸು ಖಾಲಿ ಮಾಡಿ ಎಂದರೆ ಅದು ಕ್ರೌರ್ಯ. ಅವರಿಗೆ ಕಲಿಸಿದ್ದು ನೋವು ಎಲ್ಲಿದೆ, ಹೇಗೆ ಹೆಚ್ಚು ಕಡಿಮೆಯಾಗುತ್ತದೆ, ನೋವಿನ ಮೇಲೆ ‘ಇನ್ನು ನನ್ನ ಕಥೆ ಮುಗಿಯಿತು’ ಎಂಬ ಯೋಚನೆ ಹೇಗೆ ಬಂದು ಕೂರುತ್ತದೆ ಎಂದು ನೋಡುವುದನ್ನು.

ಖಿನ್ನತೆಯ ಚಿಕಿತ್ಸೆಯಲ್ಲಿ ಇದು ಇನ್ನೂ ಸ್ಪಷ್ಟ. ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಸೇರಿ ರೂಪಿಸಿದ ಎಂಬಿಸಿಟಿ (ಮೈಂಡ್‌ಫುಲ್‌ನೆಸ್ ಆಧರಿಸಿದ ಕಾಗ್ನಿಟಿವ್ ಥೆರಪಿ) ಖಿನ್ನತೆ ಮರುಕಳಿಸದಂತೆ ತಡೆಯುವ ಪದ್ಧತಿ. ‘ನಾನು ಕೆಲಸಕ್ಕೆ ಬಾರದವಳು’ ಎಂಬ ಯೋಚನೆ ಬಂದಾಗ ಅದನ್ನು ಸತ್ಯವೆಂದು ನಂಬದೆ, ಬಂದ ಒಂದು ಯೋಚನೆ ಎಂದು ಗುರುತಿಸುವುದೇ ಅದರ ತಿರುಳು. 2000ದಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಬಿದ್ದು ಎದ್ದವರ ಪೈಕಿ ಸಾಮಾನ್ಯ ಚಿಕಿತ್ಸೆಯಲ್ಲಿದ್ದವರಿಗೆ ಶೇ. 66ರಷ್ಟು, ಈ ತರಬೇತಿ ಪಡೆದವರಿಗೆ ಶೇ. 37ರಷ್ಟು ಮರುಕಳಿಸಿತ್ತು. ಯೋಚನೆಯೇ ಬಾರದಂತೆ ಮಾಡಿದರೆ ಗುರುತಿಸುವುದಾದರೂ ಯಾವುದನ್ನು?

ಅಷ್ಟಕ್ಕೂ ಯೋಚನೆಯನ್ನು ಬಲವಂತದಿಂದ ಅದುಮಲು ಹೋದರೆ ಏನಾಗುತ್ತದೆ ಎನ್ನುವುದನ್ನು ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲೇ ತೋರಿಸಿದ್ದಾರೆ. ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಇನ್ನು ನೆನೆಯಬಹುದು ಎಂದಾಗ, ಮೊದಲಿನಿಂದಲೇ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಹೆಚ್ಚು ಕಾಡಿತು. ನಿಮ್ಮ ಫೀಲ್ಡ್‌ವರ್ಕ್ ರಿಪೋರ್ಟಿನ ಕಥೆಯೂ ಅದೇ. ಓಡಿಸಲು ಹೋಗಬೇಡಿ. ಬಂದಿದೆ ಎಂದು ತಿಳಿದರೆ ಸಾಕು.

ಈಗ ಕೌನ್ಸೆಲಿಂಗ್ ಕೋಣೆಗೆ ಬನ್ನಿ. ನಿಜವಾಗಿ ನೀವು ಕೇಳಬೇಕಾದ್ದು ಈ ಭಾಗ.

ಪಿಯುಸಿ ಓದುವ ಹುಡುಗನ ತಾಯಿ ನಿಮ್ಮ ಎದುರು ಕೂತಿದ್ದಾರೆ ಎಂದಿಟ್ಟುಕೊಳ್ಳಿ. ಗಂಡ ದುಬೈಯಲ್ಲಿ. ‘ಮಗ ನನ್ನ ಹತ್ತಿರ ಮಾತೇ ಆಡುವುದಿಲ್ಲ ಮೇಡಂ, ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ, ಇನ್ನು ನಾನು ಎಂತ ಮಾಡುವುದು?’ ಎಂದು ಅಳುತ್ತಾರೆ. ನಿಮ್ಮ ಎದೆ ಬಿಗಿಯುತ್ತದೆ. ನಿಮ್ಮ ತಮ್ಮನ ನೆನಪಾಗುತ್ತದೆ. ಮರುಗಳಿಗೆಯಲ್ಲಿ ನಿಮ್ಮ ಬಾಯಿಂದ ‘ಮೊಬೈಲ್ ತೆಗೆದಿಡಿ, ಒಂದು ಟೈಮ್‌ಟೇಬಲ್ ಮಾಡಿ’ ಎಂಬ ಸಲಹೆ ಹೊರಡುತ್ತದೆ. ಆ ಸಲಹೆ ಯಾರಿಗಾಗಿ ಬಂತು? ಹೆಚ್ಚಿನ ಸಲ ಅದು ಬರುವುದು ನಮ್ಮ ಎದೆಯ ಬಿಗಿತ ಕಡಿಮೆಯಾಗಲಿ ಎಂದು. ಆ ತಾಯಿಗೆ ಇನ್ನೂ ಹೇಳಲು ಇತ್ತು, ನಾವು ಮುಚ್ಚಿದೆವು.

ಎದೆ ಬಿಗಿದದ್ದನ್ನು ಬಿಗಿದಾಗಲೇ ಗಮನಿಸಿದ ಕೌನ್ಸೆಲರಿಗೆ ಅರೆಗಳಿಗೆಯ ಬಿಡುವು ಸಿಗುತ್ತದೆ. ಇದು ನನ್ನದು, ಅವರದು ಏನು ಎಂದು ನೋಡುತ್ತೇನೆ, ಎನ್ನುವಷ್ಟು ಬಿಡುವು. ತರಬೇತಿಯ ಫಲ ಕಾಣುವುದು ಅಲ್ಲಿ. ಮನಸ್ಸು ನಿಜವಾಗಿಯೂ ಖಾಲಿಯಿದ್ದ ಕೌನ್ಸೆಲರ್ ಆ ಬಿಗಿತವನ್ನೇ ಕಾಣುತ್ತಿರಲಿಲ್ಲ, ಮತ್ತು ಆ ಬಿಗಿತದಲ್ಲಿ ಎಷ್ಟೋ ಸಲ ಕ್ಲೈಂಟಿನ ಬಗ್ಗೆಯೇ ಮಾಹಿತಿ ಇರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಚಿಕಿತ್ಸಕರಿಗೆ ಇರಬೇಕಾದ ಗುಣಗಳನ್ನು ಹೇಳುವಾಗ ಸಹಾನುಭೂತಿಯ ಜೊತೆಗೇ, ತನ್ನೊಳಗೆ ಏನಾಗುತ್ತಿದೆ ಎಂಬುದರ ಬಗ್ಗೆ ತನಗೆ ತಾನು ಪ್ರಾಮಾಣಿಕವಾಗಿರುವುದನ್ನು ಇಟ್ಟದ್ದು ಸುಮ್ಮನೆ ಅಲ್ಲ. ಅದಕ್ಕೂ ಮೊದಲು, 1912ರಲ್ಲಿ, ಮನೋವಿಶ್ಲೇಷಣೆಯನ್ನು ಶುರು ಮಾಡಿದ ಫ್ರಾಯ್ಡ್ ವೈದ್ಯರಿಗೆ ಕೊಟ್ಟ ಸಲಹೆಯೂ ಹತ್ತಿರದ್ದೇ: ಯಾವುದೋ ಒಂದು ಮಾತಿಗೆ ಜೋತುಬೀಳದೆ, ಎಲ್ಲದರ ಮೇಲೂ ಸಮನಾದ ಗಮನ ಇಟ್ಟು ಕೇಳಿ.

ಸಂಶೋಧನೆ ಏನು ಹೇಳುತ್ತದೆ ಎಂದರೆ, ಶೌನಾ ಶಪೀರೋ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಬಿಎಸ್‌ಆರ್ ಕಲಿತ ಥೆರಪಿ ವಿದ್ಯಾರ್ಥಿಗಳಲ್ಲಿ ಒತ್ತಡ, ಆತಂಕ, ಒಂದೇ ವಿಷಯವನ್ನು ಮೆಲುಕು ಹಾಕುವುದು ಇಳಿದಿತ್ತು. ತಮ್ಮ ಬಗ್ಗೆ ತಮಗೆ ಕರುಣೆ ಹೆಚ್ಚಿತ್ತು. ಅದೇ ವರ್ಷ ಜರ್ಮನಿಯ ಒಂದು ಅಧ್ಯಯನ ಇನ್ನೂ ಕುತೂಹಲದ್ದು. ತರಬೇತಿಯಲ್ಲಿದ್ದ 18 ಥೆರಪಿಸ್ಟರಲ್ಲಿ ಅರ್ಧದಷ್ಟು ಮಂದಿ ಬೆಳಗ್ಗೆ ಝೆನ್ ಎಂಬ ಬೌದ್ಧ ಪದ್ಧತಿಯ ಧ್ಯಾನಕ್ಕೆ ಕೂತರು. ಈ 18 ಮಂದಿ ಚಿಕಿತ್ಸೆ ಕೊಟ್ಟ 124 ಒಳರೋಗಿಗಳಿಗೆ ಅದು ಗೊತ್ತಿರಲಿಲ್ಲ. ಧ್ಯಾನಕ್ಕೆ ಕೂತವರ ರೋಗಿಗಳೇ ಹೆಚ್ಚು ಸುಧಾರಿಸಿದರು. ಆದರೆ ಇದು ಸಣ್ಣ ಅಧ್ಯಯನ, ಉಳಿದ ಅಧ್ಯಯನಗಳೆಲ್ಲ ಇದೇ ಮಾತನ್ನು ಹೇಳಿಲ್ಲ. ಕೌನ್ಸೆಲರಿನ ಆಯಾಸಕ್ಕೆ ಇದು ಒಳ್ಳೆಯದು ಎಂದು ಧೈರ್ಯದಿಂದ ಹೇಳುತ್ತೇನೆ. ಕ್ಲೈಂಟಿಗೆ ಖಂಡಿತ ಲಾಭ ಎಂದು ಯಾರಾದರೂ ಪೋಸ್ಟರ್ ಅಂಟಿಸಿದರೆ ನಂಬಬೇಡಿ.

ಶುರು ಮಾಡುವುದು ಹೇಗೆ? ಎಂಬಿಎಸ್‌ಆರ್‌ನ ಮೊದಲ ತರಗತಿಯಲ್ಲಿ ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಿಧಾನಕ್ಕೆ ತಿನ್ನುವ ಅಭ್ಯಾಸವಿದೆ. ನಾನು ಒಣಗಿಸಿದ ಪುನರ್ಪುಳಿ (ಕೋಕಂ) ಸಿಪ್ಪೆ ಕೊಡುತ್ತೇನೆ. ಬಾಯಿಗೆ ಇಡುವ ಮೊದಲೇ ಬಾಯಲ್ಲಿ ನೀರು ಬಂದದ್ದನ್ನು ಮಕ್ಕಳು ಗಮನಿಸುತ್ತಾರೆ, ಅಜ್ಜಿಮನೆ ನೆನಪಾದದ್ದನ್ನೂ ಗಮನಿಸುತ್ತಾರೆ, ಮತ್ತೆ ಸಿಪ್ಪೆಗೆ ವಾಪಸು ಬರುತ್ತಾರೆ. ಅಷ್ಟು ಅರ್ಥವಾದರೆ ಉಳಿದದ್ದು ದಿನವೂ ಕೂರುವುದು. ದಿನಕ್ಕೆ ಹತ್ತು ನಿಮಿಷ ಸಾಕು, ಬಿಡದೆ ಮಾಡಿ. ನೀವು ಚರ್ಚಿಗೆ ಹೋಗುವವರಿರಲಿ, ನಮಾಜ್ ಮಾಡುವವರಿರಲಿ, ದೇವರನ್ನೇ ನಂಬದವರಿರಲಿ, ಉಸಿರನ್ನು ಗಮನಿಸಲು ಯಾವುದನ್ನೂ ಬಿಟ್ಟುಕೊಡಬೇಕಾಗಿಲ್ಲ. ಹಾಸ್ಟೆಲಿನಲ್ಲಿ ಗಲಾಟೆ ಎನ್ನಬೇಡಿ. ಕೇಳಿಸಿದ ಗಲಾಟೆಯನ್ನೂ ಗಮನಿಸಬಹುದು.

ಇನ್ನು ನೀವು ಕೇಳದ ಒಂದು ವಿಷಯ. ಇದನ್ನು ಕಲಿತ ಮೇಲೆ ಮುಂದಿನ ವಾರವೇ ಕ್ಲೈಂಟಿಗೆ ‘ಕಣ್ಣು ಮುಚ್ಚಿ, ಉಸಿರು ಗಮನಿಸಿ’ ಎಂದು ಹೇಳಬಹುದೇ? ಎರಡು ದಿನದ ಕಾರ್ಯಾಗಾರದ ಸರ್ಟಿಫಿಕೇಟು ಕೈಗೆ ಬಂದ ಕೂಡಲೇ ಹಲವರು ಇದನ್ನೇ ಮಾಡುತ್ತಾರೆ, ಮತ್ತು ನನಗೆ ನಿಜಕ್ಕೂ ಭಯವಾಗುವುದು ಇಲ್ಲಿ. ತಾನು ಗಮನ ಕೊಟ್ಟು ಕೂರುವುದು ಒಂದು, ಇನ್ನೊಬ್ಬರಿಗೆ ಅದನ್ನು ಚಿಕಿತ್ಸೆಯಾಗಿ ಕೊಡುವುದು ಬೇರೆ. ಮೊದಲನೆಯದಕ್ಕೆ ಯಾರ ಅಪ್ಪಣೆಯೂ ಬೇಡ. ಎರಡನೆಯದಕ್ಕೆ ಸ್ವಂತ ಅಭ್ಯಾಸ ಹಳತಾಗಿರಬೇಕು, ಕಲಿಸುವ ತರಬೇತಿ ಆಗಿರಬೇಕು, ನಿಮ್ಮ ಕೆಲಸ ನೋಡಿ ತಿದ್ದುವ ಹಿರಿಯ ಕೌನ್ಸೆಲರ್, ಅಂದರೆ ಸೂಪರ್‌ವೈಸರ್, ಮೇಲೆ ಇರಬೇಕು.

ಏಕೆಂದರೆ ದೌರ್ಜನ್ಯ ಅನುಭವಿಸಿದವರಿಗೆ, ಅಪಘಾತ ಕಂಡವರಿಗೆ ಕಣ್ಣು ಮುಚ್ಚಿದರೆ ನೆಮ್ಮದಿ ಸಿಗುತ್ತದೆ ಎಂಬ ಖಾತರಿ ಇಲ್ಲ. ನೆನಪು ನುಗ್ಗಿ ಬರಬಹುದು, ಉಸಿರನ್ನು ಗಮನಿಸಿದರೇ ಉಸಿರು ಕಟ್ಟಿದಂತೆ ಅನಿಸಬಹುದು. ವಿಲ್ಲೋಬಿ ಬ್ರಿಟನ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಟು ವಾರದ ತರಬೇತಿ ಪಡೆದವರ ಪೈಕಿ ಶೇ. 6ರಿಂದ 14ರಷ್ಟು ಮಂದಿ ಬಹುಕಾಲ ಉಳಿದ ತೊಂದರೆಗಳನ್ನು ಹೇಳಿದ್ದರು. ಕ್ಲೈಂಟಿಗೆ ಇಲ್ಲದ್ದು ಕೇಳಿಸುತ್ತಿದ್ದರೆ, ಸಾಯುವ ಮಾತು ಬರುತ್ತಿದ್ದರೆ, ಇಂಥ ಅಭ್ಯಾಸ ಬದಿಗಿಟ್ಟು ಮನೋವೈದ್ಯರ ಬಳಿಗೆ ಕಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದು ಕೈಗೆ ಕೊಡಿ.

ಉಳಿದವರಲ್ಲೂ ಕೇಳದೆ ಮಾಡಿಸಬೇಡಿ. ಕಣ್ಣು ತೆರೆದಿರಬಹುದು, ನೆಲ ನೋಡುತ್ತಾ ಕೂರಬಹುದು, ಉಸಿರಿನ ಬದಲು ನೆಲಕ್ಕೆ ತಾಗಿದ ಪಾದವನ್ನೋ ಫ್ಯಾನಿನ ಶಬ್ದವನ್ನೋ ಗಮನಿಸಬಹುದು, ಸಾಕೆನಿಸಿದಲ್ಲಿ ನಿಲ್ಲಿಸಬಹುದು ಎಂದು ಮೊದಲೇ ಹೇಳಿ. ಅವರು ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಮಾತಾಡುವವರಾದರೆ, ಬಂದರೆ ಆ ಭಾಷೆಯಲ್ಲೇ ಹೇಳಿ. ಮುಗಿದ ಮೇಲೆ ‘ಹಾಯಾಯಿತಾ?’ ಎಂದು ಕೇಳಬೇಡಿ, ಹೌದು ಎನ್ನದೆ ಅವರಿಗೆ ಬೇರೆ ದಾರಿ ಇರುವುದಿಲ್ಲ. ಏನಾಯಿತು ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಕೇಸ್ ಫೈಲಿನಲ್ಲಿ ಬರೆದು, ಮುಂದಿನ ಸೂಪರ್‌ವಿಷನ್‌ಗೆ ತನ್ನಿ.