ನಾವು ವಿಗ್ರಹಕ್ಕೆ ಕೈ ಮುಗಿಯಲ್ಲ, ಮತ್ತೆ ನಮಗ್ಯಾಕೆ ಈ ಮಾತು?

ಪ್ರಶ್ನೆ: ಸರ್, ನಾವು ಹುಟ್ಟು ಕ್ರೈಸ್ತರು. ಯಾವ ವಿಗ್ರಹಕ್ಕೂ ಕೈ ಮುಗಿದವರಲ್ಲ. ಆದರೂ ಪ್ರತಿ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಫಾದರ್ ‘ನಿಮ್ಮ ವಿಗ್ರಹಗಳನ್ನು ಬಿಡಿ’ ಅಂತ ಪ್ರಸಂಗ ಮಾಡುತ್ತಾರೆ. ಶುಕ್ರವಾರ ಮಾಂಸ ಬಿಟ್ಟಿದ್ದೇವೆ, ಶಿಲುಬೆ ಹಾದಿಯ ಪ್ರಾರ್ಥನೆಗೂ ಹೋಗುತ್ತೇವೆ. ಇನ್ನೇನು ಬಿಡಬೇಕು?
(ಬಳ್ಳಾರಿ ಕೌಲ್‌ಬಜಾರ್‌ನ ಓದುಗರೊಬ್ಬರು)

ಉತ್ತರ: ಈ ಪ್ರಶ್ನೆಗೆ ಉತ್ತರ ಹೇಳುತ್ತಾ ಇಪ್ಪತ್ತು ವರ್ಷದ ಮೇಲಾಯಿತು. ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಮಕ್ಕಳು ಕೇಳುತ್ತಾರೆ. ಅವರನ್ನು ಕರೆದುಕೊಂಡು ಹೋಗಲು ಬಂದ ಅಪ್ಪ ಅಮ್ಮಂದಿರು ಗೇಟಿನ ಹತ್ತಿರ ನಿಲ್ಲಿಸಿಕೊಂಡು ಕೇಳುತ್ತಾರೆ. ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಹೊರಗೆ ಬಂದು, ಚಪ್ಪಲಿ ಹುಡುಕುತ್ತಿರುವಾಗಲೂ ಒಬ್ಬರು ಕೇಳಿದ್ದುಂಟು. ಈ ಸಲ ಕೂತು ಬರೆದೇ ಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಮಾಂಸದ ಮಾತು ಮೊದಲು ಮುಗಿಸೋಣ, ಅದು ಸಣ್ಣದು. 14 ವರ್ಷ ತುಂಬಿದ ಕಥೋಲಿಕರು ಬೂದಿ ಬುಧವಾರ ಮತ್ತು ತಪಸ್ಸು ಕಾಲದ ಶುಕ್ರವಾರ ಮಾಂಸ ತಿನ್ನಬಾರದು. 18ರಿಂದ 59 ವಯಸ್ಸಿನವರಿಗೆ ಬೂದಿ ಬುಧವಾರ, ಶುಭ ಶುಕ್ರವಾರ ಎರಡು ದಿನ ಉಪವಾಸ. ಅಂದರೆ ಹೊಟ್ಟೆ ತುಂಬ ಒಂದೇ ಊಟ. ಕಾಯಿಲೆಯವರಿಗೆ, ಬಸುರಿ ಬಾಣಂತಿಯರಿಗೆ ಆ ಉಪವಾಸವೂ ಇಲ್ಲ. ತಪಸ್ಸು ಕಾಲಕ್ಕೆ ಧರ್ಮಸಭೆಯ, ಅಂದರೆ ಚರ್ಚಿನ, ಕಟ್ಟಳೆ ಇಷ್ಟೇ. 40 ದಿನವೂ ಬಿಡುತ್ತೇನೆ ಅನ್ನುವವರು ಬಿಡಲಿ, ಸಂತೋಷ. ಭಾನುವಾರ ಲೆಕ್ಕಕ್ಕಿಲ್ಲ. ಅದಕ್ಕೇ ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ ಎಣಿಸಿದರೆ 46 ಬರುತ್ತದೆ, 40 ಅಲ್ಲ. ಇದನ್ನೂ ಪ್ರತಿ ವರ್ಷ ಕೇಳುತ್ತಾರೆ.

ಈಗ ದೊಡ್ಡ ಮಾತಿಗೆ ಬರುತ್ತೇನೆ. ‘ವಿಗ್ರಹ ಅಂದರೆ ಪಕ್ಕದ ಮನೆಯವರ ದೇವರು.’ ಇದು ನಮ್ಮಲ್ಲಿ ಬೇರು ಬಿಟ್ಟಿರುವ ತಪ್ಪು ತಿಳಿವಳಿಕೆ. ಎಷ್ಟು ಸಲ ಕಿತ್ತರೂ ಮತ್ತೆ ಚಿಗುರುತ್ತದೆ. ಕನಕದುರ್ಗಮ್ಮನ ಸಿಡಿಬಂಡಿ ಜಾತ್ರೆ ಹೆಚ್ಚುಕಡಿಮೆ ನಮ್ಮ ತಪಸ್ಸು ಕಾಲದ ಹೊತ್ತಿಗೇ ಬರುತ್ತದೆ. ಆಗ ನಮ್ಮ ಕೆಲವರು ಮಕ್ಕಳಿಗೆ ಹೇಳುತ್ತಾರೆ, ‘ಮೊದಲನೇ ಆಜ್ಞೆ ಹೇಳೋದು ಇದರ ಬಗ್ಗೆನೇ.’ ದೇವರ ಹತ್ತು ಆಜ್ಞೆಗಳಲ್ಲಿ ಮೊದಲನೆಯದು, ನನ್ನ ಹೊರತು ಬೇರೆ ದೇವರು ನಿಮಗಿರಬಾರದು ಅನ್ನುವುದು. ಹಾಗೆ ಹೇಳಿದ ಕೂಡಲೇ ಆ ಆಜ್ಞೆ ನಮ್ಮ ಮನೆಯ ಹೊಸ್ತಿಲು ದಾಟಿ ಎದುರು ಮನೆಗೆ ಹೋಗಿಬಿಡುತ್ತದೆ. ನಮಗೆ ಏನೂ ಕೆಲಸ ಉಳಿಯುವುದಿಲ್ಲ. ನಾವು ಯಾರನ್ನು ಆರಾಧಿಸಬೇಕು ಅನ್ನುವುದರಲ್ಲಿ ನನಗೆ ಗೊಂದಲ ಇಲ್ಲ. ಒಬ್ಬನೇ ದೇವರು. ಆದರೆ ಆ ಆಜ್ಞೆಯನ್ನು ದೇವರು ಕೊಟ್ಟದ್ದು ಯಾರಿಗೆ? ಎದುರು ಮನೆಯವರಿಗಲ್ಲ. ತನ್ನ ಜನಕ್ಕೆ.

ತಪ್ಪು ಶುರುವಾಗುವುದು ಪದದಿಂದ. ಕನ್ನಡದಲ್ಲಿ ‘ವಿಗ್ರಹ’ ಅಂದರೆ ಕಣ್ಣ ಮುಂದೆ ಗುಡಿಯೇ ಬರುತ್ತದೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ ‘ಏಯ್ಡೋಲೋನ್’ ಅನ್ನುವ ಪದಕ್ಕೆ ರೂಪ, ನೆರಳಿನಂಥ ಆಕೃತಿ ಅಂತಲೂ ಅರ್ಥ. ಇದ್ದಂತೆ ಕಾಣುತ್ತದೆ, ಕೈ ಹಾಕಿದರೆ ಏನೂ ಸಿಗುವುದಿಲ್ಲ, ಅಂಥದ್ದು. ಪದಗಳ ಈ ವ್ಯತ್ಯಾಸ ಬಳ್ಳಾರಿಯವರಿಗೆ ಬೇಗ ಹೊಳೆಯಬೇಕು. ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ನೆಲೆಸಿದ್ದು ನಮ್ಮ ಊರಿನಲ್ಲಿ. ಇಲ್ಲೇ ಕನ್ನಡ ಕಲಿತು, ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈ ಹಾಕಿದರು. 1831ರ ಹೊತ್ತಿಗೆ ಪೂರ್ತಿ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಒಂದೊಂದು ಪದಕ್ಕೆ ಎಷ್ಟು ತಿಣುಕಿರಬೇಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಪದ ಬಿಡಿ, ಕತೆ ನೋಡಿ. ಬೈಬಲಿನ ವಿಮೋಚನಕಾಂಡದ 32ನೇ ಅಧ್ಯಾಯ. ಇಸ್ರಯೇಲರ ನಾಯಕ ಮೋಶೆ ದೇವರ ಆಜ್ಞೆಗಳನ್ನು ತರಲು ಬೆಟ್ಟ ಹತ್ತಿ 40 ದಿನವಾಗಿದೆ. ಕೆಳಗಿದ್ದವರಿಗೆ ತಾಳ್ಮೆ ಕೆಟ್ಟಿತು. ಆ ಮನುಷ್ಯ ಏನಾದನೋ ಗೊತ್ತಿಲ್ಲ, ನಮಗೊಂದು ದೇವರನ್ನು ಮಾಡಿಕೊಡು ಅಂದರು. ಮೋಶೆಯ ಅಣ್ಣ ಆರೋನ ಏನು ಹೇಳಿದ? ನಿಮ್ಮ ಹೆಂಡಂದಿರ, ಮಕ್ಕಳ ಕಿವಿಯಲ್ಲಿರುವ ಬಂಗಾರ ಬಿಚ್ಚಿ ತನ್ನಿ ಅಂದ. ಆ ಬಂಗಾರದಲ್ಲೇ ಕರು ಎರಕ ಹೊಯ್ದರು. ಆ ಕರು ಬೇರೆ ಊರಿನಿಂದ ತಂದದ್ದಲ್ಲ, ಬೇರೆಯವರು ಕೊಟ್ಟದ್ದೂ ಅಲ್ಲ. ಸ್ವಂತ ಮನೆಯವರ ಕಿವಿಯಿಂದ ಬಿಚ್ಚಿದ ಬಂಗಾರ.

ತರಗತಿಯಲ್ಲಿ ನಾನು ಇಲ್ಲಿ ನಿಲ್ಲಿಸಿ, ಐದನೇ ವಚನ ಗಟ್ಟಿಯಾಗಿ ಓದಿಸುತ್ತೇನೆ. ಕರುವಿನ ಮುಂದೆ ಪೀಠ ಕಟ್ಟಿ ಆರೋನ ಸಾರುತ್ತಾನೆ: ನಾಳೆ ಸರ್ವೇಶ್ವರನಿಗೆ ಹಬ್ಬ. ಗಮನಿಸಿದಿರಾ? ಅವರು ತಮ್ಮ ದೇವರನ್ನು ಬಿಟ್ಟೆವು ಅಂತ ಅಂದುಕೊಂಡೇ ಇಲ್ಲ. ಹೆಸರು ಅದೇ, ಹಬ್ಬವೂ ಅವನದ್ದೇ. ಒಂದು ವರ್ಷ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಇಲ್ಲಿಗೆ ಬಂದಾಗ, ‘ಸರ್, ಹಂಗಾದ್ರೆ ಅವರಿಗೆ ಗೊತ್ತೇ ಆಗ್ಲಿಲ್ಲ’ ಅಂದಳು. ಅವತ್ತು ನನಗಾದ ಖುಷಿ ಇನ್ನೂ ನೆನಪಿದೆ. ನಾನು ಒಂದು ಗಂಟೆ ಹೇಳುವುದನ್ನು ಆ ಮಗು ಒಂದೇ ಮಾತಿನಲ್ಲಿ ಹೇಳಿತ್ತು.

ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಸಂತ ಪೌಲ ನೇರವಾಗಿಯೇ ಬರೆಯುತ್ತಾನೆ, ದುರಾಸೆ ವಿಗ್ರಹಾರಾಧನೆ ಅಂತ. ಆ ಪತ್ರ ಹೋದದ್ದು ದೀಕ್ಷಾಸ್ನಾನ ಆದವರಿಗೆ, ಅಂದರೆ ಕ್ರೈಸ್ತರಿಗೇ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 2113ನೇ ಪರಿಚ್ಛೇದ ನೋಡಿ. ಅಧಿಕಾರ, ಸುಖ, ಜನಾಂಗ, ಪೂರ್ವಿಕರು, ರಾಷ್ಟ್ರ, ದುಡ್ಡು, ಯಾವುದೇ ಆಗಲಿ, ದೇವರ ಜಾಗದಲ್ಲಿ ಕೂರಿಸಿದರೆ ಅದು ವಿಗ್ರಹಾರಾಧನೆಯೇ ಅಂತ ಅಲ್ಲಿದೆ. ಇನ್ನು ನೆರೆಯವರ ಮಾತು. ಬೇರೆ ಧರ್ಮಗಳಲ್ಲಿ ಸತ್ಯವಾದದ್ದು, ಪವಿತ್ರವಾದದ್ದು ಏನಿದೆಯೋ ಅದನ್ನು ಧರ್ಮಸಭೆ ತಳ್ಳಿಹಾಕುವುದಿಲ್ಲ ಅಂತ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ, ಹಿಂದೂ ಧರ್ಮದ ಹೆಸರು ಹಿಡಿದೇ ಮಾತಾಡಿದೆ. ಅರವತ್ತು ವರ್ಷ ಆಯಿತು. ನಾವು ಇನ್ನೂ ಎದುರು ಮನೆ ಕಡೆ ಬೆರಳು ತೋರಿಸುತ್ತಾ ಕೂತರೆ ಹೇಗೆ?

ನಮ್ಮ ಜಿಲ್ಲೆಯ ಕರು ಯಾವುದಾಗಿತ್ತು ಅಂತ ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಾ? ಕೆಂಪು ಮಣ್ಣು. ಕಬ್ಬಿಣದ ಅದಿರು. ಚೀನಾದಿಂದ ಬೇಡಿಕೆ ಬಂದು ರೇಟು ಏರಿದ ಆ ವರ್ಷಗಳಲ್ಲಿ ಜೋಳ ಬಿತ್ತುವ ಹೊಲವನ್ನು ಅದಿರು ಸುರಿಯಲು ಕೊಟ್ಟವರನ್ನು ನಾವೆಲ್ಲ ನೋಡಿದ್ದೇವೆ. ಹೊಸಪೇಟೆ ರಸ್ತೆಯಲ್ಲಿ ಲಾರಿ ಸಾಲು ಮುಗಿಯುತ್ತಲೇ ಇರಲಿಲ್ಲ.

ನಮ್ಮ ಮನೆಯದ್ದೇ ಹೇಳುತ್ತೇನೆ. 2007ರ ಸುಮಾರಿಗೆ ನಮ್ಮ ಭಾವ ಒಂದು ಲಾರಿ ತೆಗೆದುಕೊಂಡರು. ಮುಂಗಡ ಕಟ್ಟಲು ದುಡ್ಡು ಸಾಲಲಿಲ್ಲ. ಅಕ್ಕನ ಬೆಂಡೋಲೆ ಅಡವಿಟ್ಟರು. ನಮ್ಮ ಅವ್ವ ಮದುವೆಗೆ ಹಾಕಿದ ಎಂಟು ಗ್ರಾಮಿನ ಓಲೆ. ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ತಿರುಪು ಬಿಚ್ಚಿದಳು. ಎಡಗಿವಿಯದು ಬಿಗಿದುಕೊಂಡಿತ್ತು. ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಬಿಚ್ಚಬೇಕಾಯಿತು. ಆಮೇಲೆ ತೂತು ಮುಚ್ಚಬಾರದು ಅಂತ ಪೊರಕೆಕಡ್ಡಿಯ ಚೂರು ಸಿಕ್ಕಿಸಿಕೊಂಡಳು.

ಲಾರಿ ಬಂದ ದಿನ ಚೆಂಡುಹೂವಿನ ಹಾರ ಹಾಕಿದೆವು. ಫಾದರ್ ಬಂದು ತೀರ್ಥ ಚಿಮುಕಿಸಿ ಆಶೀರ್ವಾದ ಮಾಡಿದರು. ಮುಂದಿನ ಗಾಜಿನ ಮೇಲೆ ದೊಡ್ಡದಾಗಿ ‘ಯೇಸು ಕೃಪೆ’ ಅಂತ ಬರೆಸಿದ್ದರು. ನಾನೂ ಪೇಡೆ ತಿಂದು, ಚಪ್ಪಾಳೆ ತಟ್ಟಿ ಬಂದೆ. ಆರೋನನ ‘ನಾಳೆ ಸರ್ವೇಶ್ವರನಿಗೆ ಹಬ್ಬ’ ಅವತ್ತು ನನಗೆ ಹೊಳೆಯಲಿಲ್ಲ.

ಲಾರಿ ಇಟ್ಟುಕೊಳ್ಳುವುದು ಪಾಪ ಅಂತ ನಾನು ಹೇಳುತ್ತಿಲ್ಲ. ಅದರಿಂದಲೇ ಮಕ್ಕಳನ್ನು ಓದಿಸಿದವರು ಎಷ್ಟೋ ಮಂದಿ ಇದ್ದಾರೆ. ಆದರೆ ನಮ್ಮ ಮನೆಯಲ್ಲಿ ಆದದ್ದು ಬೇರೆ. ದಿನಕ್ಕೊಂದು ಟ್ರಿಪ್ ಎರಡಾಯಿತು. ಭಾನುವಾರದ ಪೂಜೆ ತಪ್ಪಿತು. ಓವರ್‌ಲೋಡ್ ಮಾಡಬೇಡಿ ಅಂದರೆ ‘ಎಲ್ಲಾರೂ ಮಾಡ್ತಾರ’ ಅನ್ನುತ್ತಿದ್ದರು. ಮಗಳು ಜ್ವರದಲ್ಲಿ ಮಲಗಿದ್ದ ರಾತ್ರಿ ಭಾವ ಬಂದರಿನ ಲಾರಿ ಲೈನಿನಲ್ಲಿ ನಿಂತಿದ್ದರು. ಓಲೆ ಬಿಡಿಸುವ ಮಾತು ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ಹೋಗಿ ಕೊನೆಗೆ ಹರಾಜಾಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಲಾರಿ ಮನೆ ಹಿಂದೆ ನಿಂತಿತು. ಕಂತು ಕಟ್ಟದ್ದಕ್ಕೆ ಸಾಲ ಕೊಟ್ಟವರು ಬಂದು ಎಳೆದುಕೊಂಡು ಹೋದರು.

ನೀವು ‘ಇನ್ನೇನು ಬಿಡಬೇಕು’ ಅಂತ ಕೇಳಿದ್ದೀರಿ. ನಾನು ಕಂಡುಕೊಂಡ ಗುರುತು ಇದೊಂದೇ. ಆ ವಸ್ತುವಿಗಾಗಿ ಯಾರ ಕಿವಿಯಿಂದ ಏನು ಬಿಚ್ಚಿಸಿದ್ದೀರಿ, ನೋಡಿಕೊಳ್ಳಿ. ಮೊಬೈಲು ತನ್ನಷ್ಟಕ್ಕೆ ವಿಗ್ರಹ ಅಲ್ಲ. ಎದುರಿಗೆ ಕೂತು ಮಾತಾಡಿಸುತ್ತಿರುವ ಮಗುವಿನ ಹೊತ್ತನ್ನು ಕಿತ್ತುಕೊಂಡು ಅದಕ್ಕೆ ಕೊಟ್ಟರೆ ವಿಗ್ರಹ ಆಯಿತು. ಕ್ರಿಕೆಟ್ ನೋಡುವುದು ತಪ್ಪಲ್ಲ. ಹೆಂಡತಿಯ ಸಂಘದ ಸಾಲದ ದುಡ್ಡು ಐಪಿಎಲ್ ಬೆಟ್ಟಿಂಗಿಗೆ ಹೋದರೆ ಅದೂ ವಿಗ್ರಹ ಆಯಿತು. ಮಾಂಸ ಬಿಟ್ಟದ್ದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದರೆ ಉಪವಾಸವೇ ವಿಗ್ರಹ ಆಗುತ್ತದೆ. ಉಪವಾಸ ಮಾಡುವಾಗ ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೋ ಅಂತ ಯೇಸು ಹೇಳಿದ ಮಾತನ್ನು ಬೂದಿ ಬುಧವಾರವೇ ಓದುತ್ತೇವೆ, ಅಲ್ವಾ?

ಪಶ್ಚಾತ್ತಾಪಕ್ಕೆ ಬರೋಣ. ಮೋಶೆ ಇಳಿದು ಬಂದು ಕೇಳಿದಾಗ ಆರೋನ ಕೊಟ್ಟ ಉತ್ತರ 24ನೇ ವಚನದಲ್ಲಿದೆ. ಬಂಗಾರವನ್ನು ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು ಅನ್ನುತ್ತಾನೆ. ತಾನು ಮಾಡಿದೆ ಅನ್ನುವುದಿಲ್ಲ. ತಾನಾಗಿಯೇ ಬಂತಂತೆ! ಭಾವನೂ ಬಹಳ ವರ್ಷ ಹೀಗೇ ಹೇಳುತ್ತಿದ್ದರು. ‘ಎಲ್ಲಾರೂ ತಗಂಡ್ರು, ನಾನೂ ತಗಂಡೆ. ಕೋರ್ಟ್‌ನಾಗ ಬಂದ್ ಮಾಡಿದ್ರು, ನಾ ಏನ್ ಮಾಡ್ಲಿ?’ ಪಶ್ಚಾತ್ತಾಪ ಅಂದರೆ ಆಮೇಲಿನ ಉರಿ. ಅದು ಅವರಿಗೆ ಇತ್ತು, ನಾನು ಬಲ್ಲೆ. ಆದರೆ ಬೂದಿ ಬುಧವಾರದ ವಾಚನದಲ್ಲಿ ಯೋವೇಲ ಪ್ರವಾದಿ ಕೇಳುವುದು ಬರೀ ಉರಿಯನ್ನಲ್ಲ. ನನ್ನ ಕಡೆಗೆ ಹಿಂದಿರುಗಿ ಅನ್ನುತ್ತಾನೆ ದೇವರು. ಹೀಬ್ರೂ ಪದದ ಅರ್ಥವೂ ಅದೇ, ಹೊರಳಿ ಬರುವುದು. ಎಷ್ಟೇ ಅತ್ತರೂ, ಹೋಗುತ್ತಿದ್ದ ದಾರಿಯಲ್ಲೇ ಹೋಗುತ್ತಿದ್ದರೆ ಹೊರಳಿದ ಹಾಗಾಗಲಿಲ್ಲ.

ಈ ಕತೆಯಲ್ಲಿ 40 ದಿನ ಎರಡು ಸಲ ಬರುತ್ತದೆ ಅನ್ನುವುದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಮೊದಲನೇ ಸಲ ಕೆಳಗೆ ಕರು ಆಯಿತು, ಆಜ್ಞೆ ಬರೆದಿದ್ದ ಕಲ್ಲಿನ ಹಲಗೆಗಳು ಒಡೆದವು. 34ನೇ ಅಧ್ಯಾಯದಲ್ಲಿ ಮೋಶೆ ಮತ್ತೆ ಬೆಟ್ಟ ಹತ್ತುತ್ತಾನೆ. ಮತ್ತೆ 40 ದಿನ, ಅನ್ನ ನೀರು ಇಲ್ಲದೆ. ದೇವರು ತಾನು ಕರುಣೆಯುಳ್ಳವನು, ಬೇಗ ಸಿಟ್ಟಾಗುವವನಲ್ಲ ಅಂತ ಸಾರುವುದು ಆಗ. ಹೊಸ ಹಲಗೆಗಳು ಸಿಗುವುದೂ ಆಗಲೇ. ನಮಗೆ ಪ್ರತಿ ವರ್ಷ ಸಿಗುವ 40 ದಿನವನ್ನು ನಾನು ಆ ಎರಡನೇ 40 ಅಂತಲೇ ತಿಳಿದುಕೊಂಡಿದ್ದೇನೆ.

ನೀವು ಕೇಳಲಿಲ್ಲ, ಆದರೂ ಹೇಳಬೇಕು ಅನಿಸುತ್ತದೆ. ಫಾದರ್ ಹತ್ತಿರ ಪಾಪನಿವೇದನೆ ಮಾಡಿ ಬಂದ ಮೇಲೆ ಬಾಕಿ ಉಳಿದದ್ದು ಏನಾಗುತ್ತದೆ? ದೇವರು ಕ್ಷಮಿಸಿದ ಮೇಲೆ ಲೆಕ್ಕ ಮುಗಿಯಿತಲ್ಲ ಅಂತ ಸುಮ್ನೆ ಇದ್ದುಬಿಡುವವರು ತುಂಬಾ ಇದ್ದಾರೆ. ಮುಗಿಯಲಿಲ್ಲ. ಅದೇ ಧರ್ಮೋಪದೇಶ ಗ್ರಂಥದ 1459ನೇ ಪರಿಚ್ಛೇದ ಓದಿ: ಕದ್ದದ್ದನ್ನು ಹಿಂದಕ್ಕೆ ಕೊಡಬೇಕು, ಕೆಡಿಸಿದ ಹೆಸರನ್ನು ಸರಿಮಾಡಬೇಕು, ನೋವಿಗೆ ಪರಿಹಾರ ಕೊಡಬೇಕು, ಕೈಲಾದಷ್ಟು. ಸುಂಕ ವಸೂಲಿಯ ಜಕ್ಕಾಯ ಯೇಸುವಿನ ಮುಂದೆ ನಿಂತು, ಮೋಸ ಮಾಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಬೂದಿ ಬುಧವಾರದ ನಂತರದ ಶುಕ್ರವಾರ ಯೆಶಾಯನ 58ನೇ ಅಧ್ಯಾಯ ಓದುತ್ತಾರೆ. ಉಪವಾಸದ ದಿನವೇ ನಿಮ್ಮ ಆಳುಗಳನ್ನು ಹಿಂಡುತ್ತೀರಲ್ಲ ಅಂತ ದೇವರು ಕೇಳುತ್ತಾನೆ. ನಮ್ಮೂರಿನಲ್ಲಿ ಜೀನ್ಸ್ ಯೂನಿಟ್ ನಡೆಸುವವರು ಇದನ್ನು ಶನಿವಾರದ ಬಟವಾಡೆಗೆ ಮುಂಚೆ ಒಮ್ಮೆ ಓದಿಕೊಳ್ಳಲಿ. ಮನೆ ಕಟ್ಟೆಯ ಮೇಲೆ ಕೂತು ಪ್ಯಾಂಟಿನ ದಾರ ಕತ್ತರಿಸುವ ಹೆಂಗಸರ ದುಡ್ಡು ಎರಡು ವಾರ ತಡೆದಿಟ್ಟುಕೊಂಡು, ಶುಕ್ರವಾರ ಶಿಲುಬೆ ಹಾದಿಯಲ್ಲಿ ಮೊಣಕಾಲೂರಿದರೆ ಆ ಉಪವಾಸ ಎಲ್ಲಿಗೆ ಮುಟ್ಟೀತು?

ನೋವು ತಿಂದವರಿಗೂ ಒಂದು ಮಾತು. ಮತ್ತಾಯನ 18ನೇ ಅಧ್ಯಾಯದಲ್ಲಿ ಯೇಸು ಹೇಳುವ ಕತೆಯಲ್ಲಿ ರಾಜ ಒಬ್ಬ ಆಳಿಗೆ ಮನ್ನಾ ಮಾಡಿದ ಸಾಲ 10,000 ತಲೆಂತು. ಒಂದು ತಲೆಂತು ಅಂದರೆ ಸುಮಾರು 6,000 ದಿನದ ಕೂಲಿ. ಒಟ್ಟು ಆರು ಕೋಟಿ ದಿನದ ಕೂಲಿ. ಆ ಆಳು ಜೊತೆಯವನ ಕುತ್ತಿಗೆ ಹಿಡಿದದ್ದು 100 ದಿನದ ಕೂಲಿಯಷ್ಟು ಸಾಲಕ್ಕೆ. 100 ದಿನದ ಕೂಲಿ ಸಣ್ಣದೇನಲ್ಲ, ಮೂರು ತಿಂಗಳ ದುಡಿಮೆ. ಅದನ್ನು ಪುಡಿಗಾಸು ಅಂತ ಯೇಸು ಎಲ್ಲೂ ಹೇಳಲಿಲ್ಲ. ನಿಮಗಾದ ನೋವು ನಿಜ. ಅದು ನಿಜವಾಗಿದ್ದರೇ ಅಲ್ಲವೇ ಕ್ಷಮಿಸುವ ಮಾತು?

ಭಾವ ಪ್ರತಿ ವರ್ಷ ಪಾಪನಿವೇದನೆ ಮಾಡುತ್ತಿದ್ದರು. ಅಕ್ಕನ ಹತ್ತಿರ ಮಾತ್ರ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಒಂದು ತಪಸ್ಸು ಕಾಲದಲ್ಲಿ ಫಾದರ್ ಪ್ರಾಯಶ್ಚಿತ್ತವಾಗಿ ಜಪ ಮಾಡಿ ಅನ್ನಲಿಲ್ಲವಂತೆ, ‘ಮನೆಗೆ ಹೋಗಿ ಹೆಂಡತಿಗೆ ಹೇಳಿ’ ಅಂದರಂತೆ. ಭಾವನೇ ಇದನ್ನು ನಮಗೆ ಹೇಳಿದ್ದು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಭಾವ ‘ತಪ್ಪಾತು’ ಅಂದರು. ಅಕ್ಕ ಕೈ ನಿಲ್ಲಿಸಲಿಲ್ಲ. ‘ನಿಮ್ ಮ್ಯಾಲಿನ ಸಿಟ್ಟು ನಾನು ಯಾವಾಗೋ ಬಿಟ್ಟೀನಿ. ಓಲೆ ಮಾತು ಬ್ಯಾರೆ ಐತಿ’ ಅಂದಳು.

ಓದಿದವಳಲ್ಲ ನಮ್ಮಕ್ಕ. 1459ನೇ ಪರಿಚ್ಛೇದ ಅವಳಿಗೆ ಗೊತ್ತಿಲ್ಲ.

ಭಾವ ಈಗ ರಾತ್ರಿ ವಾಚ್‌ಮನ್ ಕೆಲಸ ಮಾಡುತ್ತಾರೆ. ಅವತ್ತಿನಿಂದ ಪಗಾರದಲ್ಲಿ ಐನೂರು ರೂಪಾಯಿ ತೆಗೆದು ಬಿಸ್ಕತ್ ಡಬ್ಬಿಯಲ್ಲಿ ಹಾಕುತ್ತಾ ಬಂದರು. ಬಂಗಾರದ ರೇಟು ಅದಕ್ಕಿಂತ ಜೋರಾಗಿ ಓಡಿತು. ಹೋದ ವರ್ಷ ಗರಿಗಳ ಭಾನುವಾರದ ಹಿಂದಿನ ದಿನ ಒಂದು ಜೊತೆ ಓಲೆ ತಂದರು, ಮೂರು ಗ್ರಾಮಿನದು. ಅಕ್ಕ ತೂಕ ಕೇಳಲಿಲ್ಲ. ಪೊರಕೆಕಡ್ಡಿ ತೆಗೆದು ಹಾಕಿಕೊಂಡಳು, ಎಡಗಿವಿಯ ತಿರುಪು ಸರಿಯಾಗಿ ಕೂತಿದೆಯಾ ಅಂತ ಮಗಳ ಹತ್ತಿರ ನೋಡಿಸಿಕೊಂಡಳು.