ಗೂಗಲ್ ಟ್ರೆಂಡ್ಸ್‌ನಿಂದ ಡಬ್ಲ್ಯೂ ಮಾತೃಕೆ: ಈ 100 ಯಾರ 100?

ಒಂದು ರಾಜ್ಯದ ಮನೆ ಬೆಲೆಯ ಮೇಲೆ ನೆರೆಯವರ ಬೆಲೆಯ ಪ್ರಭಾವ ಎಷ್ಟು ಎಂದು ಅಳೆಯುವ ಮಾಡೆಲ್‌ಗೆ ಡಬ್ಲ್ಯೂ (W) ಎಂಬ ಮಾತೃಕೆ ಬೇಕು. ಡಬ್ಲ್ಯೂ ಅಂದರೆ ಯಾರಿಗೆ ಯಾರು ಎಷ್ಟು ನೆರೆ ಅನ್ನುವ ಅಂಕಿಗಳ ಚೌಕ ಪಟ್ಟಿ: ರಾಜ್ಯಕ್ಕೊಂದು ಅಡ್ಡಸಾಲು, ರಾಜ್ಯಕ್ಕೊಂದು ಕಂಬಸಾಲು. ಕರ್ಣದಲ್ಲಿ (ತನಗೆ ತಾನೇ ನೆರೆಯಾಗುವ ಜಾಗದಲ್ಲಿ) ಸೊನ್ನೆ, ನೆರೆ ಇರುವ ಪ್ರತಿ ಅಡ್ಡಸಾಲಿನ ಮೊತ್ತ 1. ಇಷ್ಟು ಸಾಕು, ಮುಂದೆ ಹೋಗೋಣ.

ಗಡಿ ತಾಗಿದವರೇ ನೆರೆಯವರು ಅನ್ನುವ ನಿಯಮ ಹಿಡಿದರೆ ಕರ್ನಾಟಕಕ್ಕೆ ಆರು ನೆರೆ ರಾಜ್ಯಗಳು, ತಲಾ 1/6. ಮಹಾರಾಷ್ಟ್ರಕ್ಕೂ 0.167, ಪುಟ್ಟ ಗೋವಾಕ್ಕೂ 0.167. ದೆಹಲಿಗೆ ಸೊನ್ನೆ. ಅಂಡಮಾನಿನ ಸಾಲು ಪೂರ್ತಿ ಸೊನ್ನೆ, ಪಾಪ, ಅದಕ್ಕೆ ನೆರೆಯೇ ಇಲ್ಲ. ಹತ್ತಿರದವುಗಳ ನಂಟು ದೂರದವುಗಳಿಗಿಂತ ಹೆಚ್ಚು ಎಂದು ಭೂಗೋಳಶಾಸ್ತ್ರಜ್ಞ ವಾಲ್ಡೋ ಟೋಬ್ಲರ್ ಡೆಟ್ರಾಯಿಟ್ ನಗರದ ಬೆಳವಣಿಗೆಯ ಮೇಲೆ ಕೆಲಸ ಮಾಡುವಾಗ 1970ರಲ್ಲಿ ಬರೆದದ್ದು ಸರಿಯೇ. ಆದರೆ ಹತ್ತಿರವನ್ನು ಕಿಲೋಮೀಟರಿನಲ್ಲೇ ಅಳೆಯಬೇಕೆಂದಿಲ್ಲವಲ್ಲ. ಇಲ್ಲಿನವರು ಅಲ್ಲಿನ ಬಗ್ಗೆ ಎಷ್ಟು ಹುಡುಕುತ್ತಾರೆ ಅನ್ನುವುದೂ ಒಂದು ಅಳತೆ. ಅದು ಏಕಮುಖಿ ಕೂಡ: ನಾವು ಗೋವಾ ಹುಡುಕಿದಷ್ಟು ಗೋವಾದವರು ನಮ್ಮನ್ನು ಹುಡುಕಬೇಕೆಂದೇನಿಲ್ಲ.

ಈಗ ನಾನು ಎರಡು ದಿನ ಒದ್ದಾಡಿದ ಜಾಗ.

ಮೊದಲು ಮಾಡಿದ್ದು ಸುಲಭದ ದಾರಿ. ಗೂಗಲ್‌ನಲ್ಲಿ ಯಾವ ಪದವನ್ನು ಎಲ್ಲಿ ಹೆಚ್ಚು ಹುಡುಕುತ್ತಾರೆ ಎಂದು ತೋರಿಸುವ ಟ್ರೆಂಡ್ಸ್‌ನಲ್ಲಿ 'ಗೋವಾ' ಹಾಕಿ, ರಾಜ್ಯವಾರು ಅಂಕಿಗಳನ್ನು ಇಳಿಸಿ ಒಂದು ಕಂಬಸಾಲಿಗೆ ತುಂಬಿದೆ. 'ಕೇರಳ' ಹಾಕಿ ಇನ್ನೊಂದು ಕಂಬಸಾಲು. ಹೀಗೇ ಎಲ್ಲವನ್ನೂ ತುಂಬಿ, ಕರ್ಣ ಅಳಿಸಿ, ಪ್ರತಿ ಅಡ್ಡಸಾಲನ್ನು ಅದರ ಮೊತ್ತದಿಂದ ಭಾಗಿಸಿದೆ. ಪ್ರೋಗ್ರಾಂ ಗೊಣಗಲಿಲ್ಲ. ಉತ್ತರ ಮಾತ್ರ ತಪ್ಪು.

ಯಾಕೆಂದರೆ ಟ್ರೆಂಡ್ಸ್ ಕೊಡುವುದು ಹುಡುಕಾಟಗಳ ಎಣಿಕೆಯನ್ನಲ್ಲ. ಒಂದು ರಾಜ್ಯದ ಒಟ್ಟು ಹುಡುಕಾಟದಲ್ಲಿ ಆ ಪದದ ಪಾಲೆಷ್ಟು ಎಂದು ನೋಡಿ, ಅತಿ ಹೆಚ್ಚು ಪಾಲಿರುವ ರಾಜ್ಯಕ್ಕೆ 100 ಕೊಟ್ಟು, ಉಳಿದವನ್ನು ಅದಕ್ಕೆ ಹೋಲಿಸುತ್ತದೆ. 'ಗೋವಾ' ಪದಕ್ಕೆ ಆ 100 ಸಾಮಾನ್ಯವಾಗಿ ಗೋವಾಕ್ಕೇ ಹೋಗುತ್ತದೆ, 'ಕೇರಳ'ಕ್ಕೆ ಕೇರಳಕ್ಕೆ. ಅಂದರೆ ಪ್ರತಿ ಕಂಬಸಾಲಿನ ಸೇರು (ಅಳತೆಗೋಲು) ಬೇರೆ. ಅದೂ ನಾನು ಅಳಿಸಿ ಹಾಕಿದ ಕರ್ಣದಿಂದಲೇ ಹುಟ್ಟಿದ ಸೇರು!

ಊಹೆಯ ಅಂಕಿ ಹಾಕಿ ನೋಡಿ. ಕರ್ನಾಟಕದ ಪ್ರತಿ ಲಕ್ಷ ಹುಡುಕಾಟದಲ್ಲಿ 'ಗೋವಾ' 40, 'ಕೇರಳ' 60 ಎಂದುಕೊಳ್ಳೋಣ. ಗೋವಾದೊಳಗೆ 'ಗೋವಾ' 400, ಕೇರಳದೊಳಗೆ 'ಕೇರಳ' 1200. ಆಗ ಗೋವಾ ಕಂಬಸಾಲಿನಲ್ಲಿ ಕರ್ನಾಟಕಕ್ಕೆ ಸಿಗುವುದು 40/400, ಅಂದರೆ 10. ಕೇರಳ ಕಂಬಸಾಲಿನಲ್ಲಿ 60/1200, ಅಂದರೆ 5. ಅಡ್ಡಸಾಲು ಭಾಗಿಸಿದರೆ ಗೋವಾ 0.67, ಕೇರಳ 0.33. ನಿಜವಾಗಿ ಬರಬೇಕಿದ್ದದ್ದು 0.4 ಮತ್ತು 0.6. ತೂಕ ಸ್ವಲ್ಪ ಏರುಪೇರಾದದ್ದಲ್ಲ, ಯಾರು ಹೆಚ್ಚು ಹತ್ತಿರ ಅನ್ನುವುದೇ ತಲೆಕೆಳಗು.

'ಹೇಗಿದ್ದರೂ ಅಡ್ಡಸಾಲು ಭಾಗಿಸುತ್ತೇವಲ್ಲ, ಎಲ್ಲ ಸರಿಹೋಗುತ್ತದೆ' ಎಂದು ನಂಬಿದ್ದೆ. ಹೋಗುವುದಿಲ್ಲ. ಆ ಭಾಗಾಕಾರ ಇಡೀ ಅಡ್ಡಸಾಲಿಗೆ ಒಂದೇ ಸಂಖ್ಯೆಯನ್ನು ಬಳಸುತ್ತದೆ. ನಮ್ಮ ದೋಷವೋ ಕಂಬಸಾಲಿಗೊಂದರಂತೆ ಇದೆ. ಒಂದು ಇನ್ನೊಂದನ್ನು ತಾಗುವುದೇ ಇಲ್ಲ.

ಮದ್ದು ಸರಳ: ಪ್ರಶ್ನೆಯನ್ನು ಅಡ್ಡಸಾಲಿನ ದಿಕ್ಕಿನಲ್ಲಿ ಕೇಳಬೇಕು. ಪ್ರದೇಶ 'ಕರ್ನಾಟಕ' ಎಂದಿಟ್ಟು, 'ಗೋವಾ', 'ಕೇರಳ' ಎರಡನ್ನೂ ಒಂದೇ ಹೋಲಿಕೆಯಲ್ಲಿ ಹಾಕಿ, ಆ ಅವಧಿಯ ಸರಾಸರಿ ತೆಗೆದುಕೊಳ್ಳಿ. ಈಗ ಎರಡಕ್ಕೂ ಸೇರು ಒಂದೇ. ಒಂದು ಸಲಕ್ಕೆ ಐದು ಪದ ಮಾತ್ರ ಹಿಡಿಯುವುದರಿಂದ, ಪ್ರತಿ ಕಂತಿನಲ್ಲೂ ಒಂದು ಪದವನ್ನು ಲಂಗರಿನಂತೆ ಉಳಿಸಿಕೊಂಡು ಉಳಿದ ನಾಲ್ಕನ್ನು ಅದರಿಂದ ಭಾಗಿಸಿ. ಲಂಗರಿನ ಬೆಲೆ ಎಷ್ಟಿದ್ದರೂ ಅದು ಇಡೀ ಅಡ್ಡಸಾಲಿಗೆ ಒಂದೇ, ಹಾಗಾಗಿ ಕೊನೆಯ ಭಾಗಾಕಾರದಲ್ಲಿ ತಾನಾಗಿ ಹಾರಿಹೋಗುತ್ತದೆ. (ಇದು ಹೊಳೆದಾಗ ಚಹಾ ಆರಿಹೋಗಿತ್ತು.) ಲಂಗರಿಗೆ ತೀರಾ ಜನಪ್ರಿಯ ಪದ ಬೇಡ, ಅದರ ಪಕ್ಕದಲ್ಲಿ ಸಣ್ಣ ರಾಜ್ಯಗಳೆಲ್ಲ ಸೊನ್ನೆಗೆ ಇಳಿಯುತ್ತವೆ.

ಉಳಿದವು ಚಿಕ್ಕ ಸಂಗತಿಗಳು. ಟ್ರೆಂಡ್ಸ್ ನೋಡುವುದು ಒಂದು ಸ್ಯಾಂಪಲ್ ಮಾತ್ರ, ಆದ್ದರಿಂದ ಬೇರೆ ಬೇರೆ ದಿನ ಇಳಿಸಿ ಸರಾಸರಿ ಮಾಡಿ. ಜಿಲ್ಲೆ, ನಗರಗಳ ಮಟ್ಟಕ್ಕೆ ಇಳಿದರೆ ಬರೀ ಪದ ಸಾಲದು, ಒಂದೇ ವಿಷಯದ ಬೇರೆ ಬೇರೆ ಹೆಸರುಗಳನ್ನು ಒಟ್ಟಿಗೆ ಹಿಡಿಯುವ 'ಟಾಪಿಕ್' ಆಯ್ಕೆ ಒಳ್ಳೆಯದು. 2014ರ ನವೆಂಬರ್ 1ಕ್ಕೆ ಬ್ಯಾಂಗಲೋರ್ ಅಧಿಕೃತವಾಗಿ ಬೆಂಗಳೂರಾಯಿತು, ಜನ ಈಗಲೂ ಎರಡನ್ನೂ ಟೈಪಿಸುತ್ತಾರೆ. ಇನ್ನು 'ಮೈಸೂರು' ಎಂದು ಬರೀ ಪದ ಹಾಕಿದರೆ ಮೈಸೂರ್ ಪಾಕ್ ಮಾಡುವ ವಿಧಾನ ಹುಡುಕುವವರೂ ನೆರೆಯವರ ಲೆಕ್ಕಕ್ಕೆ ಬರುತ್ತಾರೆ.

ಅವಧಿಯ ವಿಷಯದಲ್ಲಿ ನಾನು ಹಟಮಾರಿ. ಮನೆ ಬೆಲೆ ಏರಿದಾಗ ಜನ ಆ ಊರನ್ನು ಹೆಚ್ಚು ಹುಡುಕುತ್ತಾರೆ. ಅದೇ ವರ್ಷದ ಹುಡುಕಾಟದಿಂದ ಡಬ್ಲ್ಯೂ ಕಟ್ಟಿ ಅದೇ ವರ್ಷದ ಬೆಲೆಗೆ ಮಾಡೆಲ್ ಹಾಕಿದರೆ ಉತ್ತರವೇ ಪ್ರಶ್ನೆಯೊಳಗೆ ನುಸುಳಿದಂತೆ, ಆಮೇಲೆ ಬರುವ ರೋ, ಅಂದರೆ ನೆರೆಯವರ ಪ್ರಭಾವ ಎಷ್ಟು ಎಂದು ಹೇಳುವ ಅಂಕಿಯನ್ನು, ನಂಬುವಂತಿಲ್ಲ. ನಾನು ಬೆಲೆಗೆ 2022 ಹಿಡಿದಿದ್ದೇನೆ, ಹುಡುಕಾಟಕ್ಕೆ 2015ರಿಂದ 2019.