ಕೆಂಡ್ರಿಕ್ ಲಮಾರ್: ಕಟಕಟೆಗೆ ತಾನೇ ಹತ್ತುವ ಹಾಡುಗಾರ

ಹಿಪ್ ಹಾಪ್ ಬಗ್ಗೆ ಓದುವಾಗ ಮತ್ತೆ ಮತ್ತೆ ಎದುರಾಗುವ ಮಾತು 'ಕಾನ್ಷಿಯಸ್ ರ‍್ಯಾಪ್'. ಸಮಾಜದ ಬಗ್ಗೆ ಎಚ್ಚರ ಇರುವ ರ‍್ಯಾಪ್ ಎಂದು ಅರ್ಥ ಬರೆದುಕೊಂಡು ಮುಂದೆ ಹೋಗಿಬಿಡುತ್ತೇವೆ. ನನ್ನ ಹಳೆಯ ನೋಟ್ ಪುಸ್ತಕದಲ್ಲೂ ಹಾಗೇ ಇದೆ: ಬಡತನ, ಪೊಲೀಸ್ ದೌರ್ಜನ್ಯ, ಜನಾಂಗಭೇದ ಇದ್ದರೆ ಕಾನ್ಷಿಯಸ್, ಕಾರು, ಚಿನ್ನ, ಪಾರ್ಟಿ ಇದ್ದರೆ ಬರೀ ಮೋಜು. ಅಮೆರಿಕದ ರ‍್ಯಾಪರ್ ಕೆಂಡ್ರಿಕ್ ಲಮಾರ್‌ನ ಆಲ್ಬಮ್‌ಗಳನ್ನು ಹಾಡಿನ ಸಾಹಿತ್ಯ ಎದುರಿಗಿಟ್ಟುಕೊಂಡು ಕೇಳಿದ ಮೇಲೆ ಆ ಪಟ್ಟಿಯನ್ನು ಹೊಡೆದುಹಾಕಬೇಕಾಯಿತು. ಅವನನ್ನು ಓದಲು ಹಾಡಿನ ವಿಷಯ ಯಾವುದು ಎಂದು ಕೇಳಿದರೆ ಸಾಲದು. ಹಾಡಿನೊಳಗೆ ಮಾತಾಡುವವನು ಎಲ್ಲಿ ನಿಂತಿದ್ದಾನೆ ಎಂದು ನೋಡಬೇಕು. ಬೇರೆಯವರ ಮೇಲೆ ದೂರು ಹೇಳುವ ಮೊದಲು ಅವನು ತಾನೇ ಕಟಕಟೆ ಹತ್ತಿರುತ್ತಾನೆ. ಈ ಒಂದು ಎಳೆ ಹಿಡಿದು ಅವನ ಬದುಕು, ಕೆಲಸ ಎರಡನ್ನೂ ಇಲ್ಲಿ ಬಿಡಿಸಿಡುತ್ತೇನೆ.

ಮೊದಲು ಆ ಊರು

ಕೆಂಡ್ರಿಕ್ ಲಮಾರ್ ಡಕ್‌ವರ್ತ್ ಹುಟ್ಟಿದ್ದು 1987ರ ಜೂನ್ 17ರಂದು, ಕ್ಯಾಲಿಫೋರ್ನಿಯಾದ ಕಾಂಪ್ಟನ್‌ನಲ್ಲಿ. ಲಾಸ್ ಏಂಜಲೀಸ್‌ನ ದಕ್ಷಿಣಕ್ಕಿರುವ ಈ ಊರು ಎರಡನೇ ಮಹಾಯುದ್ಧದ ಕಾಲದವರೆಗೂ ಹೆಚ್ಚುಕಡಿಮೆ ಬಿಳಿಯರದೇ ಆಗಿತ್ತು. ಕಪ್ಪು ಜನರಿಗೆ ಮಾರಕೂಡದು ಎಂದು ಮನೆಯ ಪತ್ರಗಳಲ್ಲೇ ಷರತ್ತು ಬರೆಸುತ್ತಿದ್ದರು. ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆಮೇಲೆ ಕಪ್ಪು ಕುಟುಂಬಗಳು ಬಂದು ನೆಲೆಸಿದವು. 1965ರಲ್ಲಿ ಪಕ್ಕದ ವಾಟ್ಸ್ ಬಡಾವಣೆ ದಂಗೆಯಲ್ಲಿ ಹೊತ್ತಿ ಉರಿದ ನಂತರ ಬಿಳಿಯರು ಇನ್ನೂ ವೇಗವಾಗಿ ಊರು ಬಿಟ್ಟರು, ಅವರ ಹಿಂದೆ ವ್ಯಾಪಾರವೂ ಹೋಯಿತು. 1980ರ ದಶಕದ ಆರಂಭದಲ್ಲಿ ಹತ್ತಿರದ ಸೌತ್ ಗೇಟ್‌ನ ಫೈರ್‌ಸ್ಟೋನ್ ಮತ್ತು ಜನರಲ್ ಮೋಟರ್ಸ್ ಕಾರ್ಖಾನೆಗಳು ಬಾಗಿಲು ಹಾಕಿದವು. ಸಂಬಳದ ಕೆಲಸ ಹೋದ ಬೀದಿಗಳಿಗೆ ಕ್ರ್ಯಾಕ್ ಕೊಕೇನ್ ಬಂತು. ಬ್ಲಡ್ಸ್, ಕ್ರಿಪ್ಸ್ ಎಂಬ ಗ್ಯಾಂಗ್‌ಗಳ ಕೈಗೆ ಬಂದೂಕು ಬಂತು. ಕಾಂಪ್ಟನ್ ಎಂದರೆ ಹುಟ್ಟಾ ರೌಡಿಗಳ ಊರು ಎಂಬಂತೆ ಬರೆದ ಲೇಖನಗಳನ್ನು ಓದುವಾಗ ಈ ಕ್ರಮ ನೆನಪಿರಲಿ. ಕಾರ್ಖಾನೆ ಮುಚ್ಚಿದ್ದು ಮೊದಲು, ಕ್ರ್ಯಾಕ್ ಹಬ್ಬಿದ್ದು ನಂತರ.

ಅವನ ತಂದೆತಾಯಿ 1984ರಲ್ಲಿ ಶಿಕಾಗೋದಿಂದ, ಅಲ್ಲಿನ ಗ್ಯಾಂಗ್‌ಗಳ ಸಹವಾಸ ಬಿಟ್ಟು ಬಂದವರು. ಬಂದು ಸೇರಿದ್ದು ಮತ್ತೆ ಗ್ಯಾಂಗ್‌ಗಳ ನಡುವೆಯೇ. ಐದು ವರ್ಷದ ಹುಡುಗನಿದ್ದಾಗ ಕಣ್ಣೆದುರೇ ಕೊಲೆ ನೋಡಿದ್ದನ್ನು ಕೆಂಡ್ರಿಕ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ. ಎಂಟನೇ ವಯಸ್ಸಿನಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು, ತನ್ನೂರಿನ ಸಂತೆಮಾಳಿಗೆಯ ಬಳಿ ಟುಪಾಕ್ ಶಕೂರ್ ಮತ್ತು ಡಾಕ್ಟರ್ ಡ್ರೇ ಎಂಬ ಹೆಸರಾಂತ ರ‍್ಯಾಪರ್‌ಗಳು ಹಾಡಿನ ಚಿತ್ರೀಕರಣ ಮಾಡುವುದನ್ನು ಕಂಡ. ಚಿಕ್ಕಂದಿನಲ್ಲಿ ತೊದಲುತ್ತಿದ್ದ, ಓದಿನಲ್ಲಿ ಜಾಣ. ಕವಿತೆ ಬರೆಯುವ ರುಚಿ ಹತ್ತಿಸಿದ್ದು ಶಾಲೆಯ ಇಂಗ್ಲಿಷ್ ಮೇಷ್ಟ್ರು.

ಹದಿನಾರರಲ್ಲಿ 'ಕೆ-ಡಾಟ್' ಹೆಸರಿನಲ್ಲಿ ಮೊದಲ ಮಿಕ್ಸ್‌ಟೇಪ್ ತಂದ. ಮಿಕ್ಸ್‌ಟೇಪ್ ಎಂದರೆ ದೊಡ್ಡ ಕಂಪನಿಯ ಹಂಗಿಲ್ಲದೆ ತಾವೇ ಹಂಚುವ ಹಾಡುಗಳ ಕಟ್ಟು. ಅದರಿಂದ ಆಂಥನಿ ಟಿಫಿತ್ ಎಂಬಾತನ 'ಟಾಪ್ ಡಾಗ್' ಕಂಪನಿಯ ಬಾಗಿಲು ತೆರೆಯಿತು. ಈ ಟಿಫಿತ್‌ನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 2009ರ ಹೊತ್ತಿಗೆ ಕೆ-ಡಾಟ್ ಎಂಬ ಹೆಸರು ಬಿಟ್ಟು ತಂದೆತಾಯಿ ಇಟ್ಟ ಹೆಸರಿಗೇ ಮರಳಿದ. ನನ್ನ ಎಳೆಗೆ ಇದು ಮುಖ್ಯ. ರ‍್ಯಾಪರ್‌ನ ಅಡ್ಡಹೆಸರು ಒಂದು ವೇಷದ ಹಾಗೆ. ಅದರ ಹಿಂದೆ ನಿಂತು ಏನು ಬೇಕಾದರೂ ಹೇಳಬಹುದು. ಸ್ವಂತ ಹೆಸರಿನಲ್ಲಿ ಹೇಳಿದ ಮಾತಿಗೆ ತಾನೇ ಜವಾಬು ಕೊಡಬೇಕು. 2011ರ 'ಸೆಕ್ಷನ್ 80' ಆಲ್ಬಮ್‌ನಲ್ಲಿ ಕೀಶಾ ಎಂಬ ಹುಡುಗಿಯ ಕಥೆ ಇದೆ. ಮೈ ಮಾರಿಕೊಂಡು ಬದುಕುವವಳು, ಕೊನೆಗೆ ಕೊಲೆಯಾಗುತ್ತಾಳೆ. ಮುಂದಿನ ಆಲ್ಬಮ್‌ನಲ್ಲಿ ಇದೇ ಹಾಡು ಅವನ ಮೇಲೆ ತಿರುಗಿಬೀಳುತ್ತದೆ.

ಒಂದು ದಿನ, ಒಂದು ವ್ಯಾನು

2012ರ ಅಕ್ಟೋಬರ್‌ನಲ್ಲಿ ಬಂದ 'ಗುಡ್ ಕಿಡ್, ಮ್ಯಾಡ್ ಸಿಟಿ'ಯಿಂದಲೇ ಕೇಳಲು ಶುರುಮಾಡಿ. ಹದಿಹರೆಯದ ಹುಡುಗನೊಬ್ಬ ಅಮ್ಮನ ವ್ಯಾನು ತೆಗೆದುಕೊಂಡು ಒಬ್ಬ ಹುಡುಗಿಯನ್ನು ನೋಡಲು ಹೋಗುತ್ತಾನೆ. ಅಷ್ಟರಿಂದ ಎಲ್ಲವೂ ಬಿಚ್ಚಿಕೊಳ್ಳುತ್ತದೆ: ಗೆಳೆಯರ ಜೊತೆ ಕಳ್ಳತನ, ಹೊಡೆತ, ಸೇಡು, ಒಬ್ಬ ಗೆಳೆಯನ ಸಾವು. ನಡುನಡುವೆ ಅಪ್ಪ-ಅಮ್ಮ ಫೋನಿನಲ್ಲಿ ಬಿಟ್ಟ ಸಂದೇಶಗಳು ಕೇಳಿಸುತ್ತವೆ. ಅಮ್ಮನಿಗೆ ವ್ಯಾನಿನ ಚಿಂತೆ, ಅಪ್ಪನಿಗೆ ತನ್ನ ಡಾಮಿನೋಸ್ ಆಟದ ಕಾಯಿಗಳು ಎಲ್ಲಿ ಹೋದವು ಎಂಬ ಚಿಂತೆ. ಹೊರಗೆ ಗುಂಡು ಹಾರುತ್ತಿದ್ದರೂ ಮನೆ ಮನೆಯಾಗಿಯೇ ಇರುತ್ತದೆ. ಕಾಂಪ್ಟನ್ ಬಗ್ಗೆ ಸುದ್ದಿವಾಹಿನಿಗಳು ಎಂದೂ ತೋರಿಸದ ಭಾಗ ಇದು.

ಕಳ್ಳತನದ ಹಾಡನ್ನು ಗಮನಿಸಿ. 'ಅವರು ಮಾಡಿದರು' ಎನ್ನುವುದಿಲ್ಲ, 'ನಾವು ಮಾಡಿದೆವು' ಎನ್ನುತ್ತಾನೆ. ಗೆಳೆಯರಿಲ್ಲದಾಗ ತಾನು ಬೇರೆ ಮನುಷ್ಯ, ಅವರ ಜೊತೆ ಸೇರಿದಾಗ ಬೇರೆ ಎಂದು ಒಪ್ಪಿಕೊಳ್ಳುತ್ತಾನೆ. 'ಸ್ವಿಮ್ಮಿಂಗ್ ಪೂಲ್ಸ್' ಎಂಬ ಹಾಡನ್ನು ಕುಡಿತದ ಪಾರ್ಟಿಗಳಲ್ಲಿ ಜೋರಾಗಿ ಹಾಕಿ ಕುಣಿದರು. ಅದು ಕುಡಿತ ಹಿಡಿದ ಕುಟುಂಬದಲ್ಲಿ ಬೆಳೆದವನ ಹಾಡು. ಎರಡನೇ ಚರಣದಲ್ಲಿ ಸ್ವರ ಬದಲಿಸಿಕೊಂಡು ಅವನ ಆತ್ಮಸಾಕ್ಷಿಯೇ ಮಾತಿಗೆ ಬರುತ್ತದೆ.

ಈ ಆಲ್ಬಮ್‌ನ ಹೃದಯ 'ಸಿಂಗ್ ಅಬೌಟ್ ಮಿ, ಐ ಆಮ್ ಡೈಯಿಂಗ್ ಆಫ್ ಥರ್ಸ್ಟ್', ಹನ್ನೆರಡು ನಿಮಿಷದ ಹಾಡು. ಮೊದಲ ಚರಣ ಸತ್ತ ಗೆಳೆಯನ ಅಣ್ಣತಮ್ಮನದು. ಅವನು ಮಾತಾಡುತ್ತಿರುವಾಗಲೇ ಗುಂಡಿನ ಸದ್ದು ಕೇಳಿ ಸಾಲು ಅರ್ಧಕ್ಕೆ ನಿಲ್ಲುತ್ತದೆ. ಎರಡನೆಯ ಚರಣ ಕೀಶಾಳ ತಂಗಿಯದು. ನಮ್ಮಕ್ಕನ ಬದುಕನ್ನು ಹಾಡು ಮಾಡಿ ಊರಿಗೆಲ್ಲ ಸಾರಲು ನೀನು ಯಾರು ಎಂದು ಅವಳು ಕೆಂಡ್ರಿಕ್‌ನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ತಾನು ಮರೆಯಾಗುವುದಿಲ್ಲ ಎಂದು ಅವಳು ಹೇಳುತ್ತಿರುವಾಗಲೇ ಅವಳ ದನಿ ಮೆಲ್ಲಗೆ ಕರಗಿಹೋಗುತ್ತದೆ. ಆ ಜಾಗ ಬಂದಾಗಲೆಲ್ಲ ನಾನು ಹಿಂದಕ್ಕೆ ಹೋಗಿ ಮತ್ತೆ ಕೇಳಿದ್ದೇನೆ. ನೊಂದವರ ಕಥೆ ಬರೆಯುವವನಿಗೆ ಆ ಹಕ್ಕು ಎಲ್ಲಿಂದ ಬಂತು? ದಲಿತ ಸಾಹಿತ್ಯದ ಚರ್ಚೆ ಓದಿದ ನಮಗೆ ಈ ಪ್ರಶ್ನೆ ಹೊಸದಲ್ಲ. ಇಲ್ಲಿ ಬರೆದವನು ತನ್ನದೇ ಹಾಡಿನೊಳಗೆ, ತನ್ನ ವಿರುದ್ಧವೇ ಅದನ್ನು ಕೇಳಿಸುತ್ತಾನೆ.

ಕಿವಿಗೆ ಸ್ವಲ್ಪ ತಯಾರಿ

ಅವನ ಹಾಡು ಮೊದಲ ಸಲ ಕೇಳಿದಾಗ ಪೂರ್ತಿ ಅರ್ಥವಾಗದಿದ್ದರೆ ಬೇಸರ ಬೇಡ. ಎರಡು ವಿಷಯ ಹಿಡಿದುಕೊಂಡರೆ ದಾರಿ ಸಲೀಸು. ನಮ್ಮ ಹಳಗನ್ನಡ ಕಾವ್ಯದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಅದೇ ವ್ಯಂಜನ ಬರಬೇಕು. ಪ್ರಾಸ ನಿಲ್ಲುವುದು ವ್ಯಂಜನದ ಮೇಲೆ. ರ‍್ಯಾಪ್‌ನಲ್ಲಿ ಪ್ರಾಸ ಹೆಚ್ಚಾಗಿ ಸ್ವರದ ಮೇಲೆ ನಿಲ್ಲುತ್ತದೆ. ಅದೂ ಸಾಲಿನ ತುದಿಯಲ್ಲಿ ಮಾತ್ರವಲ್ಲ, ನಡುವೆ, ಎರಡು ಮೂರು ಉಚ್ಚಾರಗಳ ಸರಪಣಿಯಾಗಿ ಬರುತ್ತದೆ. ವ್ಯಂಜನಕ್ಕೆ ಕಾದು ಕುಳಿತ ಕಿವಿಗೆ ಅದು ಮೊದಮೊದಲು ಸಿಗುವುದಿಲ್ಲ. ಇನ್ನೊಂದು, ದನಿ. ತೊಗಲುಗೊಂಬೆ ಆಡಿಸುವವರು ಪರದೆಯ ಹಿಂದೆ ಪಾತ್ರಕ್ಕೊಂದು ದನಿ ತೆಗೆಯುವಂತೆ ಕೆಂಡ್ರಿಕ್ ಕೂಡ ದನಿ ಬದಲಿಸುತ್ತಾನೆ. ಕೀರಲು ದನಿ, ಕುಡಿದವನ ಒಡಕು ದನಿ, ತಾಯಿಯ ದನಿ. 'ನಾನು' ಎಂದ ಕಡೆಯಲ್ಲೆಲ್ಲ ಅದು ಯಾರ 'ನಾನು' ಎಂದು ಅಂಚಿನಲ್ಲಿ ಬರೆದುಕೊಳ್ಳಿ.

ಚಿಟ್ಟೆಯನ್ನು ದಂಧೆಗಿಳಿಸುವುದು

2014ರಲ್ಲಿ ಅವನು ದಕ್ಷಿಣ ಆಫ್ರಿಕಾಕ್ಕೆ ಹೋದ. ರಾಬೆನ್ ದ್ವೀಪದಲ್ಲಿ ನೆಲ್ಸನ್ ಮಂಡೇಲಾ ಇದ್ದ ಜೈಲುಕೋಣೆ ನೋಡಿದ. ಅಮೆರಿಕಕ್ಕೆ ಮರಳಿ, ಮಾಡಿಟ್ಟಿದ್ದ ಬಹಳಷ್ಟು ಹಾಡುಗಳನ್ನು ಬದಿಗಿಟ್ಟ. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಫರ್ಗ್ಯೂಸನ್ ಊರಿನಲ್ಲಿ ಮೈಕಲ್ ಬ್ರೌನ್ ಎಂಬ ಹದಿನೆಂಟರ ಕಪ್ಪು ಹುಡುಗ ಪೊಲೀಸ್ ಗುಂಡಿಗೆ ಬಲಿಯಾಗಿದ್ದ. 2015ರ ಮಾರ್ಚ್‌ನಲ್ಲಿ 'ಟು ಪಿಂಪ್ ಎ ಬಟರ್‌ಫ್ಲೈ' ಬಂತು. ಕಮಾಸಿ ವಾಷಿಂಗ್ಟನ್, ಥಂಡರ್‌ಕ್ಯಾಟ್, ಟೆರೇಸ್ ಮಾರ್ಟಿನ್‌ರಂಥ ಲಾಸ್ ಏಂಜಲೀಸ್‌ನ ಸಂಗೀತಗಾರರು ಜ್ಯಾಝ್ ಮತ್ತು ಫಂಕ್ ಬೆರೆಸಿ ಹೆಣೆದ ಆಲ್ಬಮ್. ಅರಳಿದ ಪ್ರತಿಭೆಯನ್ನು ಮಾರುಕಟ್ಟೆ ದಂಧೆಗೆ ಹಚ್ಚುವುದು ಎಂಬುದು ಹೆಸರಿನ ಭಾವ. ಒಂದು ಕವಿತೆ ಹಾಡುಗಳ ನಡುವೆ ಒಂದೊಂದೇ ಸಾಲು ಬೆಳೆಯುತ್ತಾ ಹೋಗುತ್ತದೆ. ಅದು ಶುರುವಾಗುವುದೇ ತಪ್ಪೊಪ್ಪಿಗೆಯಿಂದ: ನೀನು ನಿನ್ನ ಪ್ರಭಾವವನ್ನು ದುರ್ಬಳಕೆ ಮಾಡುತ್ತಿದ್ದೆ, ಕೆಲವೊಮ್ಮೆ ನಾನೂ ಹಾಗೇ ಮಾಡಿದೆ. ಕೊನೆಯಲ್ಲಿ ಆ ಕವಿತೆಯನ್ನು ಅವನು ಓದಿ ಹೇಳುವುದು 1996ರಲ್ಲೇ ಕೊಲೆಯಾದ ಟುಪಾಕ್‌ಗೆ. 1994ರ ಒಂದು ರೇಡಿಯೊ ಸಂದರ್ಶನದ ಧ್ವನಿಯನ್ನು ಬಳಸಿ ಇಬ್ಬರೂ ಎದುರುಬದುರು ಕುಳಿತು ಮಾತಾಡುವಂತೆ ಹೊಂದಿಸಿದ್ದಾನೆ.

ಇಲ್ಲಿರುವ 'ಆಲ್‌ರೈಟ್' ಹಾಡು ಬೀದಿಗಿಳಿದ ಕಥೆ ಎಲ್ಲರಿಗೂ ಗೊತ್ತು. 2015ರ ಜುಲೈಯಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಕಪ್ಪು ಜನರ ಚಳವಳಿಯ ಸಮಾವೇಶ ಮುಗಿಸಿ ಬಂದವರು ಪೊಲೀಸರೆದುರು ಅದರ ಪಲ್ಲವಿಯನ್ನು ಒಕ್ಕೊರಲಿನಿಂದ ಕೂಗಿದರು. ಅಲ್ಲಿಂದ ಅದು ದೇಶದಾದ್ಯಂತ ಮೆರವಣಿಗೆಗಳ ಘೋಷಣೆಯಾಯಿತು. ಪರೀಕ್ಷೆಗೆ ಬರೆಯುವಾಗ ನಾವು ಇಲ್ಲಿಗೇ ನಿಲ್ಲಿಸುತ್ತೇವೆ. ಆಲ್ಬಮ್‌ನಲ್ಲಿ ಅದರ ಹಿಂದಿನ ಹಾಡನ್ನೂ ಕೇಳಿ. ಅದರ ಹೆಸರು 'ಯು', ಎಂದರೆ 'ನೀನು'. ಹೋಟೆಲ್ ಕೋಣೆಯಲ್ಲಿ ಕುಡಿದು, ಕಿರುಚಿ, ತನ್ನನ್ನೇ ಬೈದುಕೊಳ್ಳುತ್ತಾನೆ: ಗೆಳೆಯ ಆಸ್ಪತ್ರೆಯಲ್ಲಿ ಸಾಯುತ್ತಿದ್ದಾಗ ನೀನು ಹೋಗಲಿಲ್ಲ, ಫೋನಿನ ಪರದೆಯಲ್ಲಿ ಮುಖ ತೋರಿಸಿದೆ ಅಷ್ಟೇ, ಲಕ್ಷ ಜನರಿಗೆ ದಾರಿ ತೋರಿಸುವ ನಿನಗೆ ನಿನ್ನ ತಂಗಿಯನ್ನು ಕಾಯಲಾಗಲಿಲ್ಲ. ಈ ಅಳುವಿನ ಬೆನ್ನಿಗೇ 'ಆಲ್‌ರೈಟ್' ಬರುತ್ತದೆ. ಹಾಗಾಗಿ ಆ ಭರವಸೆ ನನಗೆ ಪೊಳ್ಳು ಅನ್ನಿಸುವುದಿಲ್ಲ.

ಇದೇ ಆಲ್ಬಮ್‌ನಲ್ಲಿ ದಕ್ಷಿಣ ಆಫ್ರಿಕಾದ ಪೆಟ್ರೋಲ್ ಬಂಕಿನಲ್ಲಿ ಕೈಚಾಚಿದವನಿಗೆ ಚಿಲ್ಲರೆ ಕಾಸು ಕೊಡದ ಕಥೆಯ ಹಾಡಿದೆ. ಕೊನೆಗೆ ಆ ಭಿಕ್ಷುಕ ತಾನು ದೇವರು ಎನ್ನುತ್ತಾನೆ. ಆ ವರ್ಷ ತನಗೆ ಮೆಚ್ಚಿನ ಹಾಡು ಇದು ಎಂದು ಬರಾಕ್ ಒಬಾಮಾ ಹೇಳಿದ್ದರು.

'ದ ಬ್ಲ್ಯಾಕರ್ ದ ಬೆರ್ರಿ' ಬಗ್ಗೆ ಮಾತ್ರ ನಾವು ತಕರಾರು ಇಟ್ಟುಕೊಂಡೇ ಓದಬೇಕು. ಪ್ರತಿ ಚರಣದ ಆರಂಭದಲ್ಲಿ ತಾನು ದೊಡ್ಡ ಆಷಾಢಭೂತಿ ಎನ್ನುತ್ತಾನೆ. ಏಕೆ ಎಂಬುದು ಕೊನೆಯ ಸಾಲಿನವರೆಗೂ ಗೊತ್ತಾಗುವುದಿಲ್ಲ: ಗ್ಯಾಂಗ್ ಜಗಳದಲ್ಲಿ ತನ್ನ ಜನರನ್ನೇ ಕೊಂದವನು, 2012ರಲ್ಲಿ ಬಡಾವಣೆಯ ಕಾವಲಿಗನೊಬ್ಬನ ಗುಂಡಿಗೆ ಬಲಿಯಾದ ಕಪ್ಪು ಹುಡುಗ ಟ್ರೇವಾನ್ ಮಾರ್ಟಿನ್‌ನ ಸಾವಿಗೆ ಏಕೆ ಅತ್ತ? ಜನಾಂಗಭೇದದ ಹಿಂಸೆಯನ್ನು ಪ್ರಶ್ನಿಸುತ್ತಿರುವಾಗ ಗ್ಯಾಂಗ್ ಹಿಂಸೆಯನ್ನು ಎದುರಿಗೆ ತಂದರೆ ಮೊದಲನೆಯದರ ಬಿಸಿ ಆರುತ್ತದೆ, ನೊಂದವರ ಮೇಲೇ ಹೊರೆ ಬೀಳುತ್ತದೆ ಎಂದು ಹಲವರು ಟೀಕಿಸಿದರು. ಟೀಕೆಯಲ್ಲಿ ಹುರುಳಿದೆ. ಆದರೂ ಆ ಸಾಲಿನಲ್ಲಿ ಬೆರಳು ತೋರುತ್ತಿರುವುದು ಸಮುದಾಯದ ಕಡೆಗಲ್ಲ, ಹಾಡುತ್ತಿರುವವನ ಎದೆಗೇ ಎಂದು ನನ್ನ ಓದು.

ಅಪ್ಪನ ಬಿಸ್ಕೆಟ್ಟು, ಮಗನ ಪುಲಿಟ್ಜರ್

2017ರ 'ಡ್ಯಾಮ್' ಆಲ್ಬಮ್‌ಗೆ 2018ರ ಏಪ್ರಿಲ್‌ನಲ್ಲಿ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಬಂತು. 1943ರಿಂದ ಕೊಡುತ್ತಾ ಬಂದ ಈ ಪ್ರಶಸ್ತಿ ಶಾಸ್ತ್ರೀಯ ಸಂಗೀತ ಮತ್ತು ಜ್ಯಾಝ್ ಬಿಟ್ಟು ಹೊರಗೆ ಹೋದದ್ದು ಅದೇ ಮೊದಲು. ಇದನ್ನು ಒಂದು ವಾಕ್ಯದಲ್ಲಿ ನೆನಪಿಟ್ಟುಕೊಂಡರೆ ಸಾಕು. ಹೆಚ್ಚು ಹೊತ್ತು ಕೊಡಬೇಕಾದದ್ದು ಆಲ್ಬಮ್‌ನ ಕೊನೆಯ ಹಾಡು 'ಡಕ್‌ವರ್ತ್'ಗೆ. ಹಿಂದೆ ಹೇಳಿದ ಟಿಫಿತ್ ಯೌವನದಲ್ಲಿ ಒಂದು ಕೆಂಟಕಿ ಫ್ರೈಡ್ ಚಿಕನ್ ಅಂಗಡಿಯನ್ನು ದರೋಡೆ ಮಾಡಲು ಹೊಂಚು ಹಾಕಿದ್ದ. ಕೌಂಟರಿನ ಹಿಂದೆ ಇದ್ದವನು ಡಕ್ಕಿ, ಕೆಂಡ್ರಿಕ್‌ನ ಅಪ್ಪ. ಇಂಥವರನ್ನು ಎದುರು ಹಾಕಿಕೊಳ್ಳಬಾರದು ಎಂದು ಅರಿತ ಡಕ್ಕಿ ಬಂದಾಗಲೆಲ್ಲ ಅವನಿಗೆ ಬಿಟ್ಟಿ ಚಿಕನ್, ಜೊತೆಗೆ ಎರಡು ಬಿಸ್ಕೆಟ್ಟು ಹೆಚ್ಚಿಗೆ ಕೊಡುತ್ತಿದ್ದ. ದರೋಡೆಯ ದಿನ ಡಕ್ಕಿಯ ಜೀವ ಉಳಿಯಿತು. ಎಷ್ಟೋ ವರ್ಷಗಳ ನಂತರ ಆ ದರೋಡೆಕೋರ ಕೆಲಸಕ್ಕೆ ತೆಗೆದುಕೊಂಡ ಹುಡುಗ ಅದೇ ಡಕ್ಕಿಯ ಮಗ. ಹಾಡಿನ ಕೊನೆಗೆ ಗುಂಡಿನ ಸದ್ದು, ಆಮೇಲೆ ಇಡೀ ಆಲ್ಬಮ್ ಹಿಂದಕ್ಕೆ ಸುತ್ತಿಕೊಂಡು ಮೊದಲ ಸಾಲಿಗೆ ಬಂದು ನಿಲ್ಲುತ್ತದೆ. ಅದೇ ವರ್ಷ ಹಾಡುಗಳ ಕ್ರಮವನ್ನು ತಿರುಗುಮುರುಗು ಮಾಡಿದ ಆವೃತ್ತಿಯೂ ಬಂತು. ಎರಡೂ ಕ್ರಮದಲ್ಲಿ ಒಮ್ಮೊಮ್ಮೆ ಕೇಳಿ.

ಉದ್ಧಾರಕನ ಕಿರೀಟ

ಐದು ವರ್ಷ ಬಿಟ್ಟು, 2022ರ ಮೇಯಲ್ಲಿ 'ಮಿಸ್ಟರ್ ಮೊರಾಲ್ ಅಂಡ್ ದ ಬಿಗ್ ಸ್ಟೆಪರ್ಸ್' ಬಂತು. ಮುಖಪುಟದಲ್ಲಿ ಮುಳ್ಳಿನ ಕಿರೀಟ ಧರಿಸಿದ್ದಾನೆ, ಒಳಗಿನ ಹಾಡಿನಲ್ಲಿ ನಾನು ನಿಮ್ಮ ಉದ್ಧಾರಕ ಅಲ್ಲ ಎನ್ನುತ್ತಾನೆ. ಸಂಗಾತಿಗೆ ಮಾಡಿದ ದ್ರೋಹ, ಆಪ್ತಸಲಹೆಗಾರರ ಮುಂದೆ ಕುಳಿತದ್ದು, ತಾಯಿ ಅನುಭವಿಸಿದ ಹಿಂಸೆ, ಚಿಕ್ಕವನಿದ್ದಾಗ ಮನೆಯವರು ಕೇಳಿದ ಪ್ರಶ್ನೆಗೆ ತಾನು ಹೇಳಿದ ನಿಜವನ್ನು ಯಾರೂ ನಂಬದೇ ಹೋದದ್ದು, ಎಲ್ಲವೂ ಇಲ್ಲಿವೆ. ಲಿಂಗಪರಿವರ್ತಿತ ಬಂಧುಗಳ ಬಗ್ಗೆ ಪ್ರೀತಿಯಿಂದ ಬರೆದ ಹಾಡೂ ಇದೆ. ಆದರೆ ಅದರಲ್ಲಿ ಅವರನ್ನು ನೋಯಿಸುವ ಬೈಗುಳವನ್ನು ಪದೇ ಪದೇ ಬಳಸಿದ್ದಾನೆ. ತನ್ನ ಹಳೆಯ ಅಜ್ಞಾನವನ್ನು ಬಯಲು ಮಾಡಲು ಅದು ಬೇಕಿತ್ತು ಎಂಬ ವಾದ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ತಪ್ಪೊಪ್ಪಿಗೆಯ ಬೆಲೆಯನ್ನು ಬೇರೆಯವರು ತೆರಬೇಕಾಗಿ ಬಂದ ಜಾಗ ಇದು.

2024ರಲ್ಲಿ ಕೆನಡಾದ ರ‍್ಯಾಪರ್ ಡ್ರೇಕ್ ಜೊತೆ ಜಟಾಪಟಿ ನಡೆಯಿತು. ಹರದೇಶಿ-ನಾಗೇಶಿಯ ಸವಾಲ್-ಜವಾಬು ಕೇಳಿ ಬೆಳೆದವರಿಗೆ ಹಾಡಿನಲ್ಲೇ ಎದುರಾಳಿಯನ್ನು ಕೆಣಕುವ ಪದ್ಧತಿ ವಿವರಿಸಬೇಕಿಲ್ಲ. ಆದರೆ ಇಲ್ಲಿ ಇಬ್ಬರೂ ಪರಸ್ಪರರ ಮನೆಯವರನ್ನು, ಹೆಣ್ಣುಮಕ್ಕಳ ನೋವನ್ನು ಆಯುಧ ಮಾಡಿಕೊಂಡರು. ಡ್ರೇಕ್ ತನ್ನ ಮೇಲಿನ ಆರೋಪಗಳನ್ನು ನಿರಾಕರಿಸಿದ. ಕೆಂಡ್ರಿಕ್‌ನ 'ನಾಟ್ ಲೈಕ್ ಅಸ್' 2025ರ ಫೆಬ್ರುವರಿಯಲ್ಲಿ ಐದು ಗ್ರ್ಯಾಮಿ ಗೆದ್ದಿತು. ಅವನ ಪ್ರಸಿದ್ಧ ಹಾಡುಗಳಲ್ಲಿ ಕಟಕಟೆಯಲ್ಲಿ ಅವನಿಲ್ಲದ, ಬೇರೊಬ್ಬನನ್ನು ನಿಲ್ಲಿಸಿದ ಹಾಡು ಅದು. ಅದರ ತಾಳಕ್ಕೆ ಕಾಲು ಕುಣಿಯುತ್ತದೆ, ಕೀಶಾಳ ತಂಗಿಯ ಪ್ರಶ್ನೆಯೂ ನೆನಪಾಗುತ್ತದೆ.

ಆ ಜಟಾಪಟಿಯ ಬೆನ್ನಿಗೇ, 2024ರ ಜೂನ್ 19, ಅಮೆರಿಕದಲ್ಲಿ ಗುಲಾಮಗಿರಿ ಕೊನೆಯಾದುದನ್ನು ಆಚರಿಸುವ ದಿನ, ಇಂಗಲ್‌ವುಡ್‌ನಲ್ಲಿ ಅವನ ಕಾರ್ಯಕ್ರಮ ನಡೆಯಿತು. 'ನಾಟ್ ಲೈಕ್ ಅಸ್' ಹಾಡನ್ನು ಒಂದೇ ರಾತ್ರಿ ಐದು ಸಲ ಹಾಡಿದ. ಬೇರೆ ಬೇರೆ ಬಡಾವಣೆಗಳವರನ್ನು, ಬ್ಲಡ್ಸ್ ಮತ್ತು ಕ್ರಿಪ್ಸ್ ಎರಡೂ ಕಡೆಯವರನ್ನು, ವೇದಿಕೆಗೆ ಕರೆದ. ಎಲ್ಲರೂ ಒತ್ತಿಕೊಂಡು ನಿಂತು ಒಂದು ಫೋಟೊ ತೆಗೆಸಿಕೊಂಡರು. ಆ ಫೋಟೊ ಹುಡುಕಿ ನೋಡಿ, 'ಗುಡ್ ಕಿಡ್' ಆಲ್ಬಮ್‌ನ ವ್ಯಾನಿನಲ್ಲಿದ್ದ ಹುಡುಗರ ವಯಸ್ಸಿನವರೂ ಅದರಲ್ಲಿ ಕಾಣುತ್ತಾರೆ.